ಲಿಫ್ಟಕ್ಕ ಬರೆಯದೆ ಬಿಟ್ಟ ಅಧ್ಯಾಯ

ಈ ಕಥೆಯನ್ನು ಯಾವ ಮಹಡಿಯಿಂದ ಹತ್ತಬೇಕು ಅನ್ನುವುದೇ ಮೊದಲ ತಕರಾರು.

'ಲಿಫ್ಟಿನ ಬಾಗಿಲು ತೆರೆದುಕೊಂಡಿತು' ಅಂತ ಶುರು ಮಾಡಿದೆ. ಬರೆದ ಮರುಗಳಿಗೆ ನಾಚಿಕೆಯಾಯಿತು. ಕಥೆಯಲ್ಲಿ ಬಾಗಿಲು ತೆರೆದರೆ ಸಾಕು, ನೀವು ಅದರೊಳಗೆ ಬದುಕು, ಬೆಳಕು, ಅವಕಾಶ ಅಂತ ಹುಡುಕಲು ಕೂರುತ್ತೀರಿ. ಇದು ಬರೀ ಬಾಗಿಲು ಮಾರಾಯರೆ. ಬುಡದಲ್ಲಿ ತುಕ್ಕು ಹಿಡಿದಿದೆ, ಮುಚ್ಚುವಾಗ ಒಮ್ಮೆ ಕೆಮ್ಮುತ್ತದೆ. ಹೊಡೆದು ಹಾಕಿದೆ.

ಎರಡನೆಯ ಸಲ ಬಾಲ್ಯದಿಂದ ಹೊರಟೆ. 'ಚಿಕ್ಕಂದಿನಿಂದಲೂ ಅವಳಿಗೆ ಓದಿನ ಹುಚ್ಚು.' ಶುದ್ಧ ಸುಳ್ಳು. ಚಿಕ್ಕಂದಿನಲ್ಲಿ ಅವಳಿಗಿದ್ದದ್ದು ದೊಡ್ಡವರ ಮಾತನ್ನು ಕದ್ದು ಕೇಳುವ ಹುಚ್ಚು. ಅದಕ್ಕಾಗಿ ಅಮ್ಮನಿಂದ ಕಿವಿ ಹಿಂಡಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮುಂದೊಂದು ದಿನ ಆ ಕಿವಿಯನ್ನೇ ನಂಬಿಕೊಂಡು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಾಳೆ ಅಂತ ಹಿಂಡಿದವರಿಗೂ ಗೊತ್ತಿರಲಿಲ್ಲ, ಹಿಂಡಿಸಿಕೊಂಡವಳಿಗೂ ಗೊತ್ತಿರಲಿಲ್ಲ.

ಸುತ್ತಿ ಬಳಸಿ ಯಾಕೆ, ಹೇಳಿಯೇ ಬಿಡುತ್ತೇನೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುವ ಹೆಂಗಸು ಮಾನವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದ ಕಥೆ ಇದು. (ಇಷ್ಟು ಓದಿದ್ದಕ್ಕೇ ನಿಮ್ಮ ಹುಬ್ಬು ಮೇಲೇರಿದ್ದರೆ ಸ್ವಲ್ಪ ಇಳಿಸಿ. ಅವಳಿಗೆ ಅಂಥ ಹುಬ್ಬು ಕಂಡರಾಗದು.)

೧

ಆಸ್ಪತ್ರೆಯಲ್ಲಿ ಅವಳು ಎಲ್ಲರಿಗೂ ಲಿಫ್ಟಕ್ಕ. ಮೈಮೇಲೆ ನೀಲಿ ಸಮವಸ್ತ್ರ, ಗುಂಡಿಗಳ ಪಕ್ಕಕ್ಕೆ ಒಂದು ಮಡಚುವ ಕುರ್ಚಿ, ಹಿಂಬದಿ ಗೋಡೆಗೆ ಕನ್ನಡಿ. ಹತ್ತಿದವರು ಮೊದಲು ತಮ್ಮ ಮುಖ ನೋಡಿಕೊಂಡು ಆಮೇಲೆ ಮಹಡಿ ಹೇಳುತ್ತಾರೆ. ಪಕ್ಕದ ಲಿಫ್ಟು ಸ್ಟೂಲ್ ಮಾವನದು. ಲಿಫ್ಟಿನವರಲ್ಲೆಲ್ಲ ಅವರೇ ಹಿರಿಯರು. ಅವರ ಮರದ ಸ್ಟೂಲಿನ ಮೇಲೆ ಬೇರೆ ಯಾರೂ ಕೂತ ಚರಿತ್ರೆಯಿಲ್ಲ. ಒಮ್ಮೆ ಸುಸ್ತಾಗಿ ಕೂರಹೋದ ಹೃದಯದ ಡಾಕ್ಟರನ್ನೇ "ಅದರ ಕಾಲು ಸರಿಯಿಲ್ಲ ಸಾರ್" ಅಂತ ಎಬ್ಬಿಸಿದ್ದರಂತೆ. ಕಾಲು ಕಲ್ಲಿನ ಹಾಗಿತ್ತು.

ಲಿಫ್ಟಿನಲ್ಲಿ ಮಾತು ಇಡಿಯಾಗಿ ಸಿಗುವುದಿಲ್ಲ. "ಅಳಿಯಂಗೆ ಮಾತ್ರ ಹೇಳ್ಬೇಡ, ಯಾಕಂದ್ರೆ—" ಟಿಂಗ್. "ನಾನೇನೋ ಕ್ಷಮಿಸ್ತೀನಿ, ಆದ್ರೆ ಅವನ ಅಕ್ಕ ಇದಾಳಲ್ಲ—" ಟಿಂಗ್. ಮಿಕ್ಕಿದ್ದನ್ನು ಲಿಫ್ಟಕ್ಕ ಸಂಜೆವರೆಗೆ ಕೂತು ಜೋಡಿಸಿಕೊಳ್ಳುತ್ತಿದ್ದಳು. ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದಳು. ಎಂ.ಎ.ಗೆ ಯಾವ ವಿಷಯ ಅಂದಾಗ ಹೆಸರು ಗಂಭೀರವಾಗಿದೆ ಅನ್ನುವ ಒಂದೇ ಕಾರಣಕ್ಕೆ ಮಾನವಶಾಸ್ತ್ರ ತೆಗೆದುಕೊಂಡಳು. ಮೊದಲ ಪಾಠ ಓದಿದವಳೇ ಪಕ್ಕದ ಲಿಫ್ಟಿಗೆ ಓಡಿದಳು.

"ಮಾವಾ, ಜನರ ಮಧ್ಯೆ ಕೂತ್ಕೊಂಡು ಅವ್ರ ಮಾತು ಕೇಳಿಸ್ಕೊಳ್ಳೋದಕ್ಕೂ ಒಂದು ಶಾಸ್ತ್ರ ಇದೆಯಂತೆ!"

"ಸಂಬಳ ಕೊಡ್ತಾರಾ?"

"ಡಿಗ್ರಿ ಕೊಡ್ತಾರೆ."

"ಹಾಗಾದ್ರೆ ನಂಗೆ ಬಡ್ಡಿ ಸೇರಿಸಿ ಕೊಡ್ಲಿ."

ಎಂ.ಎ. ಮುಗಿಯಿತು. ಫಸ್ಟ್ ಕ್ಲಾಸು. (ಇಲ್ಲಿ ಒಂದು ಪ್ಯಾರಾ ಕಷ್ಟ-ಕಣ್ಣೀರು ಬರೆದಿದ್ದೆ. ಲಿಫ್ಟಕ್ಕ ಓದಿ, "ನಾನೆಲ್ಲಿ ಅತ್ತೆ? ಅತ್ತಿದ್ದು ನೀವು" ಅಂದಳು. ತೆಗೆದೆ.)

೨

ಪಿಎಚ್.ಡಿ. ಅರ್ಜಿಯ ಜೊತೆ ಒಂದು ಪ್ರಸ್ತಾವನೆ ಕೊಡಬೇಕು: ನಾನು ಏನನ್ನು, ಯಾಕೆ, ಹೇಗೆ ಸಂಶೋಧಿಸುತ್ತೇನೆ ಅಂತ. ಲಿಫ್ಟಕ್ಕ ಬರೆದಳು, ಕಾಲೇಜಿಗೆ ಹೋಗುವ ಮಗಳು ಟೈಪ್ ಮಾಡಿದಳು. ವಿಷಯ: ಆಸ್ಪತ್ರೆಯ ಲಿಫ್ಟಿನಲ್ಲಿ ಅರ್ಧಕ್ಕೆ ನಿಲ್ಲುವ ಮಾತುಗಳು. ಹುಳಿ ನಗೆಯ ಒಬ್ಬ ಪ್ರೊಫೆಸರಮ್ಮ ಅದನ್ನು ಓದಿ ಫೋನ್ ಮಾಡಿದರು.

"ಚೆನ್ನಾಗಿ ಬರ್ದಿದೀರಿ. ನಿಮ್ಮ ಮಾರ್ಗದರ್ಶಕಿ ಆಗೋಕೆ ನಂಗಿಷ್ಟ. ಆದ್ರೆ ಸಂದರ್ಶನದಲ್ಲಿ ಒಂದೇ ಪ್ರಶ್ನೆ ಬರುತ್ತೆ, 'ಇದರಲ್ಲಿ ಹೊಸದೇನು?' ಅರ್ಧ ಮಾತು ಬಸ್ಸಲ್ಲೂ ಕೇಳುತ್ತೆ, ಸಂತೇಲೂ ಕೇಳುತ್ತೆ. ಲಿಫ್ಟಲ್ಲೇ ಇರೋದು, ಹೊರಗಿನವ್ರಿಗೆ ಗೊತ್ತಿಲ್ದೇ ಇರೋದು ಏನಾದ್ರೂ ಇದೆಯಾ? ಇದ್ರೆ ಸೀಟು ನಿಮ್ದು. ಇಲ್ದಿದ್ರೆ ಕಷ್ಟ."

ಇತ್ತು. ಅದೇ ಪೇಚಿಗೆ ಸಿಕ್ಕಿಸಿತು.

೩

ಈಗ ನಾನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಮೇಲಿನ ಮಹಡಿಯಲ್ಲಿ ತೀವ್ರ ನಿಗಾ ಘಟಕ. ಅಲ್ಲಿಂದ ಕೆಲವೊಮ್ಮೆ ಒಬ್ಬರು ಬರಿಗೈಯಲ್ಲಿ ಇಳಿಯಲು ಬರುತ್ತಾರೆ. ಅವರ ಮುಖ ನೋಡಿದರೆ ಸಾಕು, ಏನಾಗಿದೆ ಅಂತ ತಿಳಿಯುತ್ತದೆ. ಆಗ ಲಿಫ್ಟಿನವರು ಗುಂಡಿಗಳ ಕೆಳಗೆ ಒಂದು ಪುಟ್ಟ ಕೀಲಿ ತಿರುಗಿಸುತ್ತಾರೆ. ಲಿಫ್ಟು ನಡುವೆ ಎಲ್ಲೂ ನಿಲ್ಲದೆ ನೆಲಕ್ಕೆ ಇಳಿಯುತ್ತದೆ. ಹೆರಿಗೆ ವಾರ್ಡಿನ ನಗು, ಸಂಬಂಧಿಕರ ಗದ್ದಲ, ಯಾವುದೂ ಒಳಗೆ ಬರುವುದಿಲ್ಲ. ಆ ಮನುಷ್ಯ ಅಷ್ಟು ಹೊತ್ತು ಗೋಡೆಗೊರಗಿ ಅಳಬಹುದು. ಲಿಫ್ಟಿನವರು ಬೆನ್ನು ತಿರುಗಿಸಿ ಬಾಗಿಲು ನೋಡುತ್ತಾ ಕೂರುತ್ತಾರೆ. ಇದಕ್ಕೆ ಅವರು 'ನೇರ ಇಳಿಸೋದು' ಅನ್ನುತ್ತಾರೆ. ಹೊಸಬರಿಗೆ ಹಳಬರು ಕಲಿಸುತ್ತಾರೆ, ಆದರೆ ಬಾಯಲ್ಲಿ ಹೇಳುವುದಿಲ್ಲ. ಒಂದು ಸಲ ಜೊತೆಗೆ ಕೂರಿಸಿಕೊಂಡು ತೋರಿಸುತ್ತಾರೆ, ಅಷ್ಟೆ.

ಆಡಳಿತದ ನಿಯಮ ಬೇರೆ. ಕರೆದ ಮಹಡಿಯಲ್ಲೆಲ್ಲ ಲಿಫ್ಟು ನಿಲ್ಲಲೇಬೇಕು. ಕೀಲಿ ಇರುವುದು ಬೆಂಕಿ ಅನಾಹುತಕ್ಕೆ ಮಾತ್ರ. ಹಿಂದೊಮ್ಮೆ ಯಾರೋ ದೂರು ಕೊಟ್ಟಾಗ "ಕೇಬಲ್ ಸಿಕ್ಕಿಹಾಕ್ಕೊಂಡಿತ್ತು ಸಾರ್" ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿ ಪಾರಾಗಿದ್ದರು. ಬರಹದಲ್ಲಿ ಸಿಕ್ಕರೆ ಕೀಲಿ ಕಿತ್ತುಕೊಳ್ಳುತ್ತಾರೆ. ನಿವೃತ್ತಿಯ ಹೊಸ್ತಿಲಲ್ಲಿರುವ ಸ್ಟೂಲ್ ಮಾವನಿಗೆ ನೋಟೀಸು ಖಂಡಿತ.

ಹೇಳಿದರೆ ಸೀಟು ಸಿಗುತ್ತದೆ, ಕೀಲಿ ಹೋಗುತ್ತದೆ.

೪

"ಹೇಳಿಬಿಟ್ರಲ್ಲ!"

ಈ ದನಿ ಲಿಫ್ಟಕ್ಕನದು. ಮೇಲಿನ ಭಾಗ ಓದಿ ನೇರ ನನ್ನ ಮನೆಗೆ ಬಂದಿದ್ದಳು, ಸಮವಸ್ತ್ರದಲ್ಲೇ.

"ನಾನು ತಿಂಗಳುಗಟ್ಲೆ ನಾಲಿಗೆ ಕಚ್ಕೊಂಡು ಒದ್ದಾಡ್ತಿರೋ ವಿಷ್ಯ, ನೀವು ಮೂರನೇ ಭಾಗದಲ್ಲೇ ಊರಿಗೆಲ್ಲ ಹಂಚ್ಬಿಟ್ರಿ. ಮಾವನ್ನ ಕೇಳಿದ್ರಾ?"

"ಕಥೆಗೆ ಯಾರನ್ನ ಕೇಳ್ಬೇಕಮ್ಮ? ನಿನ್ನನ್ನ ಹುಟ್ಟಿಸಿದ್ದೇ ನಾನು."

"ಹುಟ್ಟಿಸಿದವ್ರು ಅಮ್ಮ. ಅವ್ರೂ ಹೀಗೇ ಅಂತಿದ್ರು, ಅವ್ರ ಮಾತೇ ನಡೀಲಿಲ್ಲ. ನಮ್ಮ ಶಾಸ್ತ್ರದಲ್ಲಿ ಒಂದು ಪದ್ಧತಿ ಇದೆ ಕಥೆಗಾರ್ರೇ. ಯಾರ ಬಗ್ಗೆ ಬರೀತೀವೋ ಅವ್ರ ಒಪ್ಪಿಗೆ ಬೇಕು. ಬರೆದದ್ದನ್ನ ಅವ್ರಿಗೇ ಓದಿ ಕೇಳಿಸ್ಬೇಕು. ಬೇಡ ಅಂದ್ರೆ ತೆಗೀಬೇಕು. ನಿಮಗ್ಯಾರೂ ಕಲಿಸ್ಲಿಲ್ವಾ?"

ಕಲಿಸಿರಲಿಲ್ಲ. ನಾನು ಯಾವ ಶಾಲೆಯಲ್ಲೂ ಕಥೆ ಕಲಿತವನಲ್ಲ. ಆದರೂ ಸೋಲೊಪ್ಪಲು ಮನಸ್ಸಾಗದೆ, "ಅದೊಂದೇ ಚೆಂದದ ವಿಷಯ ಕಣಮ್ಮ, ಅದನ್ನ ತೆಗೆದ್ರೆ ಕಥೇಲಿ ಉಳಿಯೋದು ತುಕ್ಕು ಹಿಡಿದ ಬಾಗಿಲು ಮಾತ್ರ" ಅಂದೆ.

"ನಂಗೂ ಅದೇ ತಾನೇ ಕಷ್ಟ!" ಅಂದಳು. ಅಂದು, ನನ್ನ ಎದುರಿನ ಕುರ್ಚಿಯಲ್ಲಿ ಕುಸಿದಳು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ನಿಜವನ್ನು ಮರೆಸಬೇಕು, ಬರೆದದ್ದನ್ನು ಮಾವನಿಗೆ ಓದಿ ಕೇಳಿಸಬೇಕು. ಆ ಪ್ರಕಾರ ನಿಮಗೆ ತಿಳಿಸುತ್ತಿದ್ದೇನೆ: ಮೂರನೇ ಭಾಗದಲ್ಲಿರುವ ಪದ್ಧತಿ ನಿಜವಾದದ್ದಲ್ಲ. ಅಷ್ಟೇ ತೂಕದ ಬೇರೊಂದಿದೆ. ಅದರ ಜಾಗದಲ್ಲಿ ಇದನ್ನು ಕಟ್ಟಿ ಕೂರಿಸಿದ್ದೇನೆ. ಕೀಲಿಯಿಲ್ಲ, ಹುಡುಕಬೇಡಿ. ಮೋಸ ಅನ್ನಿಸಿದರೆ ನನ್ನನ್ನು ಬೈಯಿರಿ, ಅವಳನ್ನಲ್ಲ.

೫

ಲಿಫ್ಟಕ್ಕ ಮಾವನ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾವ ಸ್ಟೂಲಿನಿಂದ ಏಳಲಿಲ್ಲ. ಜನ ಹತ್ತಿದಾಗ ಮಾತು ನಿಲ್ಲಿಸಿ, ಇಳಿದಾಗ ಮುಂದುವರಿಸುತ್ತಾ ಉತ್ತರ ಕೊಟ್ಟರು. ಹಾಗಾಗಿ ಒಂದು ಉತ್ತರಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು.

"ನೀನು ಬರೆದ್ರೆ ನಮ್ಮನ್ನ ನಿಲ್ಲಿಸ್ತಾರೆ. ಬರೀದಿದ್ರೆ ನಿನ್ನನ್ನ ನಿಲ್ಲಿಸ್ತಾರೆ."

"ನೀವೇನಂತೀರೋ ಅದೇ ಮಾವ."

"ನಾನೇನನ್ಲಿ? ಬೇಡ ಅಂದ್ರೆ ನಿನ್ನ ಓದಿಗೆ ಅಡ್ಡ ಕಾಲಿಟ್ಟ ಮುದುಕ ಆಗ್ತೀನಿ. ಬರಿ ಅಂದ್ರೆ... ಮುಂದಕ್ಕೆ ಬರೋ ಹುಡುಗರಿಗೆ ಏನು ಕಲಿಸ್ಲಿ? ಗುಂಡಿ ಒತ್ತೋದನ್ನಾ?"

ಮನೆಯಲ್ಲಿ ಅಮ್ಮನದು ಬೇರೆಯೇ ರಾಗ. ಸಂದರ್ಶನಕ್ಕೆ ಕರೆ ಬಂದದ್ದೇ ತಡ, ಎದುರುಮನೆ, ಹಿಂದಿನ ಬೀದಿ, ಇಸ್ತ್ರಿ ಅಂಗಡಿ ಎಲ್ಲ ಕಡೆ "ನಮ್ಮವಳು ಡಾಕ್ಟ್ರು ಆದ್ಲು" ಅಂತ ಸಾರಿ ಆಗಿತ್ತು.

"ಇನ್ನೂ ಸಂದರ್ಶನಾನೇ ಆಗಿಲ್ವಲ್ಲಮ್ಮ!"

"ಆಗುತ್ತಲ್ಲ? ಆಮೇಲೆ ಹೇಳೋದನ್ನ ಮೊದ್ಲೇ ಹೇಳಿದೀನಿ. ನಾನು ನಿನ್ನ ಕಿವಿ ಹಿಂಡಿದ್ದು ಎಲ್ರಿಗೂ ಗೊತ್ತು, ಇದೂ ಗೊತ್ತಾಗ್ಲಿ."

"ಸಿಗದಿದ್ರೆ?"

"ಸಿಗದಿದ್ರೆ ಅವ್ರಿಗೆ ನಷ್ಟ. ನಾನ್ಯಾಕೆ ನನ್ನ ಮಾತು ವಾಪಸ್ ತಗೊಳ್ಲಿ?"

೬

ಸಂದರ್ಶನದ ಕೋಣೆ. ಉದ್ದನೆಯ ಮೇಜು, ನೀರಿನ ಲೋಟಗಳಿಗೆ ಮುಚ್ಚಳ, ಸದ್ದು ಮಾಡುವ ಫ್ಯಾನು. ಮೇಜಿನಾಚೆ ಹುಳಿ ನಗೆಯ ಪ್ರೊಫೆಸರಮ್ಮ ಮತ್ತು ದಪ್ಪ ಕನ್ನಡಕದ ಹಿರಿಯ ವಿದ್ವಾಂಸರು. ಲಿಫ್ಟಕ್ಕ ಒಳಗೆ ಹೋದವಳೇ ಅಭ್ಯಾಸಬಲದಿಂದ ಬಾಗಿಲ ಪಕ್ಕ, ಎಲ್ಲರಿಗೂ ದಾರಿ ಬಿಟ್ಟು, ಗೋಡೆಗೆ ಅಂಟಿ ನಿಂತಳು.

"ಇಲ್ಲಿ ಬನ್ನಿ, ಕೂತ್ಕೊಳ್ಳಿ. ಇವತ್ತು ಯಾವ ಮಹಡಿಗೆ ಅಂತ ನಾವು ಕೇಳ್ತೀವಿ," ಅಂದರು ವಿದ್ವಾಂಸರು. ಒಳ್ಳೆಯ ಮನುಷ್ಯ. ಲಿಫ್ಟಕ್ಕನಿಗೆ ನಗು ತಡವಾಗಿ ಬಂದರೂ ಬಂತು.

ಪುಸ್ತಕಗಳ ಬಗ್ಗೆ ಕೇಳಿದರು, ಹೇಳಿದಳು. ಒಂದು ಕಡೆ ತಪ್ಪಿದಳು, ಒಪ್ಪಿಕೊಂಡಳು. ಆಮೇಲೆ ಬಂತು: "ಇದರಲ್ಲಿ ಹೊಸದೇನು?"

(ಇಲ್ಲಿ ನನಗೆ ತಡೆಯಲಾಗಲಿಲ್ಲ. ಹೇಳಮ್ಮ, ಹೇಳಿಬಿಡು, ಅಂತ ಪುಟದ ಅಂಚಿನಿಂದಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.)

"ಒಂದು ವಿಷ್ಯ ಇದೆ ಸಾರ್. ನಾವು ಲಿಫ್ಟಿನವ್ರು ತಲೆಮಾರಿಂದ ಮಾಡ್ಕೊಂಡು ಬಂದಿರೋದು. ಕೇಳಿದ್ರೆ ನೀವು ಕುರ್ಚಿ ಮುಂದಕ್ಕೆ ಎಳ್ಕೋತೀರ. ಆದ್ರೆ ಹೇಳಲ್ಲ."

ಪ್ರೊಫೆಸರಮ್ಮ ಪೆನ್ನಿನ ಮುಚ್ಚಳ ತೆಗೆದರು.

"ಹೇಳಿದ್ರೆ ಅದು ನಿಂತುಹೋಗುತ್ತೆ. ನಂಗೆ ಡಿಗ್ರಿ ಬರುತ್ತೆ, ಅವ್ರ ಕೈಯಿಂದ ಅದು ಹೋಗುತ್ತೆ. ಅದೇನು ಅಂತ ನಾನು ಬರೆಯಲ್ಲ. ಇಷ್ಟು ಜನ ಸೇರ್ಕೊಂಡು, ಒಂದು ಮಾತೂ ಆಡದೆ, ಒಂದು ಒಳ್ಳೇದನ್ನ ಹೇಗೆ ಕಾಪಾಡ್ಕೊಂಡು ಬರ್ತಾರೆ, ಹೊಸಬರಿಗೆ ಹೇಗೆ ದಾಟಿಸ್ತಾರೆ, ಅದನ್ನ ಬರೀತೀನಿ. ಒಂದು ಅಧ್ಯಾಯ ಖಾಲಿ ಇರುತ್ತೆ. ಯಾಕೆ ಖಾಲಿ ಅಂತ ಮಿಕ್ಕ ಅಧ್ಯಾಯ ಹೇಳುತ್ತೆ."

ವಿದ್ವಾಂಸರು ಕನ್ನಡಕ ತೆಗೆದರು. "ನೀವು ಮುಚ್ಚಿಟ್ಟಿದ್ದು ನಿಜವಾಗ್ಲೂ ಇದೆ ಅಂತ ನಾವು ಹೇಗೆ ಪರೀಕ್ಷೆ ಮಾಡೋದು? ನಾಳೆ ಎಲ್ರೂ ಹೀಗೇ ಖಾಲಿ ಹಾಳೆ ತಂದಿಟ್ರೆ?"

ನ್ಯಾಯವಾದ ಪ್ರಶ್ನೆ.

"ಗೊತ್ತಿಲ್ಲ ಸಾರ್," ಅಂದಳು, ಬೆನ್ನು ನೆಟ್ಟಗೆ ಮಾಡಿ. "ಅದಕ್ಕೊಂದು ದಾರಿ ಹುಡುಕೋಕೇ ಓದ್ಬೇಕು ಅಂತಿರೋದು. ನಿಮ್ಮ ಹತ್ರ ದಾರಿ ಇದ್ರೆ ಕಲಿಸಿ."

ಪ್ರೊಫೆಸರಮ್ಮ ಏನೋ ಗೀಚಿಕೊಂಡರು. ಅದೇನು ಅಂತ ನನಗೆ ಕಾಣಲಿಲ್ಲ. ಅವರು ಕೈ ಅಡ್ಡ ಇಟ್ಟಿದ್ದರು.

೭

ಈಗ ಮುಕ್ತಾಯಗಳು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅನ್ನುತ್ತಿದ್ದೆ, ಆದರೆ ನನ್ನ ಪಾತ್ರಗಳು ಬಿಡಬೇಕಲ್ಲ.

ಮೊದಲನೆಯದು: ಸೀಟು ಸಿಗಲಿಲ್ಲ. ಅವಳು ತಲೆಯೆತ್ತಿಕೊಂಡೇ ಲಿಫ್ಟಿಗೆ ಮರಳಿದಳು. ಸಾಹಿತ್ಯಕ್ಕೆ ಸೋಲು ಒಪ್ಪುತ್ತದೆ, ವಿಮರ್ಶಕರು ಮೆಚ್ಚುತ್ತಾರೆ. ಅಮ್ಮ ಇದನ್ನು ಕೇಳಿ, "ನಿನ್ನ ಕಥೆ ಚೆಂದ ಕಾಣ್ಲಿ ಅಂತ ನನ್ನ ಮಗಳು ಸೋಲ್ಬೇಕಾ? ಬೇರೆ ಯಾರಾದ್ರೂ ಸೋಲೋರು ಸಿಗ್ತಾರೇನೋ ನೋಡ್ಕೋ ಹೋಗಪ್ಪ" ಅಂದರು.

ಎರಡನೆಯದು: ಸೀಟು ಸಿಕ್ಕಿತು, ಇಡೀ ಆಸ್ಪತ್ರೆ ಚಪ್ಪಾಳೆ ತಟ್ಟಿತು. ಮಗಳು ಓದಿ, "ಅಯ್ಯೋ, ಸಿನಿಮಾ" ಅಂದಳು.

ಮೂರನೆಯದನ್ನು ಬರೆಯುವ ಮೊದಲು, ಒಪ್ಪಂದದ ಪ್ರಕಾರ, ಕಥೆಯನ್ನು ಸ್ಟೂಲ್ ಮಾವನಿಗೆ ಓದಿ ಕೇಳಿಸಲು ಹೋದೆ. ಅವರಿಗೆ ಬಿಡುವಿಲ್ಲ. ಲಿಫ್ಟಿನಲ್ಲೇ ನಿಂತು ಓದಿದೆ. ಲಿಫ್ಟಕ್ಕನೂ ಬಂದು ಮೂಲೆಗೆ ನಿಂತಳು. ಎರಡು ಕಡೆ "ಮುದುಕ" ಅಂತ ಬಂದದ್ದಕ್ಕೆ ಮಾವ ಆಕ್ಷೇಪಿಸಿದರು. ಒಂದು ಕಡೆ ನಾನೇನು ಮಾಡಲಿ, ಅವರೇ ಆಡಿದ ಮಾತು. ಇನ್ನೊಂದನ್ನು 'ಹಿರಿಯರು' ಅಂತ ತಿದ್ದಿದ್ದೇನೆ.

ಸಂದರ್ಶನದ ಭಾಗ ಮುಗಿಯುವ ಹೊತ್ತಿಗೆ ಲಿಫ್ಟು ನಿಂತಿತು. ಒಳಗೆ ಬಂದವರು ಆಸ್ಪತ್ರೆಯ ಆಡಳಿತಾಧಿಕಾರಿ. ನನ್ನ ಬಾಯಿ ತಾನಾಗಿ ಮುಚ್ಚಿತು.

"ಓ, ಇಲ್ಲೇ ಇದೀರಾ!" ಅವರ ಮುಖ ಅರಳಿತು. "ವಿಶ್ವವಿದ್ಯಾಲಯದಿಂದ ಈಗ ತಾನೇ ಫೋನ್ ಬಂತು, ನಿಮಗೆ ರಜೆ ಕೊಡೋಕೆ ಆಗುತ್ತಾ ಅಂತ ಕೇಳಿದ್ರು. ಸೀಟು ಸಿಕ್ಕಿದೆಯಂತಲ್ರೀ! ಅದೂ ನಮ್ಮ ಆಸ್ಪತ್ರೆ ಬಗ್ಗೇನೇ ಅಂತೆ! ನಮಗೆಲ್ಲ ಹೆಮ್ಮೆ ಕಣ್ರೀ. ಪ್ರಬಂಧದ ಮೊದಲ ಪ್ರತಿ ನನಗೇ ಕೊಡ್ಬೇಕು, ಆಯ್ತಾ?"

ಸ್ಟೂಲ್ ಮಾವ ಸ್ಟೂಲಿನಿಂದ ಎದ್ದು ನಿಂತರು. ನಾನು ನೋಡಿದ ಹಾಗೆ ಅದೇ ಮೊದಲು. ಅದು ಹೆಮ್ಮೆಯೋ ಹೆದರಿಕೆಯೋ ಅಂತ ವಿಂಗಡಿಸುವ ಶಾಸ್ತ್ರ ನನಗೆ ಬಾರದು.

ಲಿಫ್ಟಕ್ಕ ಗೋಡೆಗೆ ಅಂಟಿರಲಿಲ್ಲ. ನಡುವೆ ನಿಂತಿದ್ದಳು.

"ಖಂಡಿತ ಕೊಡ್ತೀನಿ ಸಾರ್," ಅಂದಳು. "ಆದ್ರೆ ಮೊದಲನೇದು ಅಲ್ಲ. ಮೊದ್ಲು ನಮ್ಮವ್ರಿಗೆ ಓದಿ ಕೇಳಿಸ್ಬೇಕು. ಅವ್ರು ಇರ್ಲಿ ಅಂದಿದ್ದು ನಿಮಗೆ ಬರುತ್ತೆ."

ಆಡಳಿತಾಧಿಕಾರಿ ನಕ್ಕರು. ನಗು ಅರ್ಧದಲ್ಲಿ ಒಂದು ಪ್ರಶ್ನೆಯ ಕಡೆಗೆ ಹೊರಳಿತು. "ಅಂದ್ರೆ? ಅವ್ರು ಬೇಡ ಅನ್ನೋ ಅಂಥದ್ದು ಏನಿದೆ ನಮ್ಮಲ್ಲಿ?" ಅಂದವರು ನನ್ನ ಕೈಯ ಹಾಳೆಗಳನ್ನು ಕಂಡರು. "ಇವ್ರು ಯಾರು? ಏನೋ ಓದ್ತಾ ಇದ್ದ ಹಾಗಿತ್ತು?"

ಮೂವರೂ ನನ್ನತ್ತ ನೋಡಿದರು. ಮಾವ ನೋಡಿದ ರೀತಿಯಲ್ಲೇ ನನಗೆ ಪಾಠವಾಯಿತು.

"ಕಥೆ ಸಾರ್," ಅಂದೆ.

"ಏನಾಗುತ್ತೆ ಅದರಲ್ಲಿ?"

"ಇನ್ನೂ ಬರೆದಿಲ್ಲ," ಅಂದು ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆ.