ಪೆಟ್ಟಿಗೆಯೊಳಗಿನ ಮೂರು ಮನೆ

ಕಾರ್ತೀಕದ ಚಳಿ ಆಗತಾನೇ ಬಿದ್ದಿತ್ತು. ಬೆಳಗಿನ ಹೊತ್ತು. ಹಿಪ್ಪುನೇರಳೆ ಸೊಪ್ಪಿನ ಮೇಲಿನ ಇಬ್ಬನಿ ಆರಲಿ ಅಂತ ಕುಡುಗೋಲು ಮಡಿಲಲ್ಲಿಟ್ಟುಕೊಂಡು ಕಾಯೋ ಹೊತ್ತು. ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಟರಾಜು ಸ್ಕೂಟರಿನ ಮುಂದೆ ಒಂದು ಕಪ್ಪು ಪೆಟ್ಟಿಗೆ ಇಟ್ಟುಕೊಂಡು ಮುಳ್ಳೂರಿನ ನಮ್ಮ ಬಾಗಿಲಿಗೆ ಬಂದ. ನನ್ನ ಮೊಮ್ಮಗಳು ಕೋಮಲ ಅವನ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೆ. ಪೆಟ್ಟಿಗೆ ಅವಳದು.

"ಏನ್ ಅಜ್ಜಿ, ಹುಳದ ಮನೆಗೆ ಸರ್ವರ್ ಇಡ್ತಾವ್ಳಂತೆ ನಿಮ್ ಮೊಮ್ಮಗ್ಳು? ಒಂದೊಂದು ಹುಳಕ್ಕೂ ಆಧಾರ್ ಕಾರ್ಡ್ ಮಾಡಿಸ್ತಾಳಾ?" ಅಂದ ನಟರಾಜು.

"ಮೊದಲು ನಿಮ್ದು ಲಿಂಕ್ ಮಾಡ್ಸಿ ಸಾ, ಆಮೇಕೆ ಹುಳಿಂದು ನೋಡಾವ," ಅಂತ ಕೋಮಲ ಪೆಟ್ಟಿಗೆ ಇಳಿಸಿಕೊಂಡಳು.

ನಮ್ಮದು ರೇಷ್ಮೆ ಸಾಕುವ ಮನೆ. ನನ್ನ ಮಾವನ ಕಾಲದಿಂದಲೂ ಅದೇ. ಈಗ ನೋಡಿಕೊಳ್ಳೋನು ನನ್ನ ಮಗ ಶಾಂತರಾಜು. ಅವನ ಹೆಂಡತಿ ಪುಷ್ಪ ಕೊರೋನಾದ ವರ್ಷ ಹೋದಳು. ಅವಳಿಗೆ ಅಕ್ಷರ ಒತ್ತೋಕೆ ಬೇಜಾರು. ತೋಟದಿಂದ ಏನೇ ಹೇಳಬೇಕಾದರೂ ಗಂಡನ ಫೋನಿಗೆ ಮಾತಲ್ಲೇ ಕಳಿಸೋಳು. ಆ ಫೋನು ಬ್ಯಾಟರಿ ಊದಿಕೊಂಡು ಕೆಡುವ ಮುಂಚೆ ಕೋಮಲ ಅವ್ವನ ಮಾತನ್ನೆಲ್ಲ ಹೊರಕ್ಕೆ ತೆಗೆದಿದ್ದಳು. ಇನ್ನು ಅದನ್ನ ಯಾರದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡೋದಿಲ್ಲ, ನಮ್ಮನೇಲೇ ಇರಬೇಕು ಅನ್ನೋದು ಅವಳ ಹಟ. ಪೆಟ್ಟಿಗೆ ತಂದದ್ದೇ ಅದಕ್ಕೆ.

ಯೋಚನೆ ಮಾತ್ರ ಬಹಳ ದಿನದ್ದು. ಚಾಕಿ ಹುಳದ, ಅಂದರೆ ಮರಿಹುಳದ, ಅಡಿಗೆ ಹಾಸೋ ಕಾಗದದ ಮೇಲೆ ಚೌಕ ಬರೆಯೋಳು, ಹೊಡೆದುಹಾಕೋಳು. ದೊಡ್ಡ ಸರ್ವರ್ ಬೇಡ, ಅದು ಕರೆಂಟು ಕುಡೀತದೆ, ಸದ್ದು ಮಾಡ್ತದೆ, ಹೊಸದಾಗಿ ಕಲಿಯೋರಿಗೆ ಆಫೀಸಿನೋರು ಬಿಟ್ಟ ಹಳೇ ಕಂಪ್ಯೂಟರೇ ಸಾಕು ಅಂದಳು. ಒಂದೇ ಮೆಷಿನ್ನು ಹಲವು ಮೆಷಿನ್ನಿನ ಹಾಗೆ ನಡೆಯೋಕೆ ಅದರ ಪ್ರೊಸೆಸರ್ ಒಪ್ಪಬೇಕು, ಅದನ್ನ ಮೊದಲು ನೋಡಬೇಕು ಅಂದಳು. ನೆನಪಿಟ್ಟುಕೊಳ್ಳೋ ರ‍್ಯಾಮು ಎಂಟು ಜಿಬಿ ಇದ್ದದ್ದನ್ನ ಹದಿನಾರು ಮಾಡಿಸಿದಳು. ಡಿಸ್ಕು ಎರಡು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆದುಕೊಳ್ಳುತ್ತದೆ, ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ.

ಶಾಂತರಾಜುವಿಗೆ ತಲೆಗೆ ಹತ್ತದೆ ಇದ್ದದ್ದು ಒಂದು ಪೆಟ್ಟಿಗೆ ಹಲವು ಮೆಷಿನ್ ಹೇಗಾಗುತ್ತೆ ಅನ್ನೋದು. ಕೋಮಲ ನಮ್ಮ ಮನೆಯನ್ನೇ ತೋರಿಸಿದಳು. ನನ್ನ ಮಾವ ಮೂರು ಮಕ್ಕಳಿಗೆ ಪಾಲು ಮಾಡಿದಾಗ ಒಂದೇ ತೊಟ್ಟಿಮನೆಗೆ ಎರಡು ಅಡ್ಡಗೋಡೆ ಎತ್ತಿಸಿ ಮೂರು ಒಲೆ ಹಾಕಿಸಿದ್ದರು. ಒಬ್ಬರ ಮನೆ ಸಾರು ಇನ್ನೊಬ್ಬರಿಗೆ ಕಾಣದು. ಹಂಗೇ ಇದರೊಳಗೂ ಮೂರು ಮನೆ ಅಂದಳು. ಒಂದು ಹುಳದ ಮನೆಯ ಶಾಖ, ತೇವ ನೋಡಿಕೊಳ್ಳೋಕೆ. ಒಂದು ಫೋಟೊ ಮತ್ತು ಅವ್ವನ ದನಿಗೆ. ಮೂರನೇದು ಕೆಡಿಸೋಕೆ.

"ಕೆಡ್ಸಕ್ಕೆ ಅಂತ ಯಾರಾರಾ ಮನೆ ಕಟ್ತಾರಾ?" ಅಂದ ಅವರಪ್ಪ.

"ಕೆಡಿಸ್ದೆ ಕಲಿಯಾದ್ ಎಂಗಪ್ಪ? ನೋಡು ಈಗ."

ನಮ್ಮ ಕಣ್ಣೆದುರೇ ಮೂರನೇದಕ್ಕೆ ಕೀಬೋರ್ಡಿನಲ್ಲಿ ಏನೋ ಹೊಡೆದಳು. ಪರದೆಯ ತುಂಬ ಬಿಳಿ ಅಕ್ಷರ ಸುರಿದು ನಿಂತುಹೋಯಿತು. ಸತ್ತಿತು ಅಂದಳು. ಅದು ಸತ್ತಂತೆಯೇ ಇನ್ನೊಂದು ಗುಂಡಿ ಒತ್ತಿದಳು. ಪುಷ್ಪ ಮಾತಾಡಿದಳು. "ರೀ, ಸೊಪ್ಪು ಎರಡು ಹೊರೆ ಆಗದೆ. ಗಾಡಿ ತಕಂಡ್ ಬನ್ನಿ. ಬೆಲ್ಲ ಮರೀಬ್ಯಾಡಿ."

ಶಾಂತರಾಜು ಗೋಡೆ ಹಿಡಿದುಕೊಂಡ.

"ಒಂದು ಕೆಟ್ರೆ ಇನ್ನೆರಡಕ್ಕೆ ಗೊತ್ತೇ ಆಗಲ್ಲ ಕಣಪ್ಪ," ಅಂದಳು ಕೋಮಲ. ಆ ಮಾತು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಪೆಟ್ಟಿಗೆಯನ್ನ ಹುಳದ ಮನೆಯ ಮುಂಗೋಣೆಯಲ್ಲಿ ಒಂದು ಸ್ಟ್ಯಾಂಡಿನ ಮೇಲೆ ಇಟ್ಟರು. ಅಲ್ಲಿ ಬೇಸಿಗೆಯಲ್ಲೂ ತಂಪು. ಸ್ಟ್ಯಾಂಡಿನ ನಾಲ್ಕು ಕಾಲಿಗೂ ಶಾಂತರಾಜುವೇ ನೀರು ತುಂಬಿದ ಬಟ್ಟಲು ಕೊಟ್ಟ, ಹುಳದ ಸ್ಟ್ಯಾಂಡಿಗೆ ಕೊಡೋ ಹಾಗೆ, ಇರುವೆ ಹತ್ತದಿರಲಿ ಅಂತ. ಪೆಟ್ಟಿಗೆಯಿಂದ ಒಂದು ತಂತಿ ಗೋಡೆಯ ಕಿಂಡಿ ದಾಟಿ ಹುಳದ ತಟ್ಟೆಗಳ ಮೇಲೆ ತೂಗುತ್ತಿತ್ತು. ಒಳಗಿನ ಶಾಖವನ್ನ ಅದು ಹೇಳುತ್ತಿತ್ತು. ಪೆಟ್ಟಿಗೆ ಯಾವತ್ತೂ ಆರಿಸಬಾರದು, ಹಗಲಿರುಳು ನಡೀತಿರಬೇಕು ಅಂತ ಕೋಮಲ ಎಲ್ಲರಿಗೂ ಹೇಳಿದಳು. ಸಂಜೆ ಸೊಪ್ಪು ಹಾಕಿ ಮುಗಿದ ಮೇಲೆ ಶಾಂತರಾಜು ಬಂದು ಅದರ ಮುಂದೆ ನಿಲ್ಲೋನು. ಹಾಕು ಅಂತ ಕೇಳುತ್ತಿರಲಿಲ್ಲ, ನಿಲ್ಲೋನು ಅಷ್ಟೆ. ಮಗಳು ಅವ್ವನ ದನಿ ಹಾಕೋಳು. ಬೆಲ್ಲ ಮರೀಬ್ಯಾಡಿ ಅನ್ನೋದು ಬಂದ ಮೇಲೆ ಕೈಕಾಲು ತೊಳೆಯೋಕೆ ಹೋಗೋನು.

ಸಂಕ್ರಾಂತಿ ಕಳೆದ ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಊದಿಕೊಂಡು, ತಟ್ಟೆಯ ಅಂಚಲ್ಲಿ ತಿರುಗಾಡಿ, ಮೈಯಿಂದ ಹಾಲಿನಂಥ ನೀರು ಸೋರಿ ಸತ್ತವು. ಎತ್ತಿ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದೆವು. ಈ ರೋಗ ಬಂದ ಮನೆಯಲ್ಲಿ ಸತ್ತ ಹುಳ ತಾಕಿದ್ದು ಯಾವುದೂ ಹಾಗೇ ಉಳಿಯಕೂಡದು. ತಟ್ಟೆ, ಬಲೆ, ಗೂಡು ಕಟ್ಟಿಸೋ ಚಂದ್ರಿಕೆ, ಸೊಪ್ಪು ಹೆಚ್ಚೋ ಮಣೆ, ಎಲ್ಲ ಬ್ಲೀಚಿಂಗ್ ನೀರಲ್ಲಿ ಮುಳುಗಬೇಕು. ಮುಳುಗಿಸೋಕೆ ಆಗದ್ದಕ್ಕೆ ಸಂದುಗೊಂದಿಗೂ ಹೊಡೀಬೇಕು. ಒಂದು ಮೂಲೆ ಬಿಟ್ಟರೆ ಮುಂದಿನ ಬೆಳೆಗೂ ಅದೇ ಗತಿ. ನನ್ನ ಮದುವೆಯಾದ ಹೊಸದರಲ್ಲಿ ಮಾವ ಒಂದು ಮೊರ ತೊಳೆಯೋದು ಮರೆತರು ಅಂತ ಆ ವರ್ಷದ ಮೂರು ಬೆಳೆ ಮಣ್ಣು ಪಾಲಾದದ್ದು ನನಗೆ ಇವತ್ತಿಗೂ ನೆನಪಿದೆ. ಶಾಂತರಾಜು ಅದನ್ನ ಕೇಳಿಕೊಂಡೇ ಬೆಳೆದವನು.

ಮನೆ ತೊಳೆಯೋ ದಿನ ನಾನೂ ಕೋಮಲಾನೂ ಕೊಳ್ಳೇಗಾಲಕ್ಕೆ ಹೋಗಿದ್ದೆವು. ಎರಡು ಡಿಸ್ಕೂ ಒಂದೇ ಪೆಟ್ಟಿಗೇಲಿ ಇರೋದು ಅವಳಿಗೆ ಮೊದಲಿಂದಲೂ ಸಮಾಧಾನ ಇರಲಿಲ್ಲ. ಇನ್ನೊಂದು ಡಿಸ್ಕು ತಂದು, ಅವ್ವನ ದನಿ ತುಂಬಿ, ಯಳಂದೂರಿನಲ್ಲಿರೋ ನನ್ನ ಮಗಳು ಮಂಗಳನ ಮನೇಲಿ ಇಡಬೇಕು, ನಮ್ಮನೆಗೆ ಏನಾದರೂ ಆದರೂ ಅಲ್ಲಿ ಇರುತ್ತೆ ಅನ್ನೋಳು. ಹುಳದ ದುಡ್ಡು ಬರಲಿ ಅಂತ ಕಾದಿದ್ದಳು. ಅದು ಬಾರದಿದ್ದಾಗ ನಟರಾಜುವೇ ಸಂಬಳದಲ್ಲಿ ಮುರಕೋತೀನಿ ಅಂತ ಕೊಟ್ಟ. ಅವತ್ತು ಇನ್ನೂ ಏನೂ ತುಂಬದ ಆ ಡಿಸ್ಕನ್ನ ಅವಳೇ ಕೈಚೀಲದಲ್ಲಿ ಹಿಡಿದುಕೊಂಡಿದ್ದಳು, ನನಗೆ ಕೊಡಲಿಲ್ಲ.

ಬಸ್ಸಿಳಿದು ಬೀದಿ ತಿರುಗುವಾಗಲೇ ಬ್ಲೀಚಿಂಗ್ ಪೌಡರಿನ ಘಾಟು. ಅಂಗಳದ ತುಂಬ ತಟ್ಟೆಗಳು ಬಿಸಿಲಿಗೆ ಒಣಗುತ್ತಿದ್ದವು. ಶಾಂತರಾಜು ಸ್ಪ್ರೇ ಡಬ್ಬ ಬೆನ್ನಿಂದ ಇಳಿಸುತ್ತಿದ್ದ. ಬಾಯಿಗೆ ಕಟ್ಟಿದ್ದ ಟವೆಲ್ಲು ತೆಗೆದು, ಮಗಳ ಮುಖ ನೋಡಿ, ನಿನ್ನ ಪೆಟ್ಟಿಗೇನೂ ಬಿಡಲಿಲ್ಲ ಕಣವ್ವ ಅಂದ. ಕೆಲಸ ಚೆಂದಾಗಿ ಮುಗಿಸಿದೋನ ದನಿಯಲ್ಲೇ ಅಂದ.

ಕೋಮಲ ಮುಂಗೋಣೆಗೆ ಹೋದಳು. ನಾನು ಹಿಂದೆ ಹೋದೆ.

ಪೆಟ್ಟಿಗೆಯ ಮುಚ್ಚಳ ತೆಗೆದು ಗೋಡೆಗೆ ಒರಗಿಸಿತ್ತು. ತಿರುಪುಗಳನ್ನ ಒಂದೂ ಕಳೆಯದ ಹಾಗೆ ಬಟ್ಟಲಲ್ಲಿ ಹಾಕಿಟ್ಟಿದ್ದ. ಒಳಗೆಲ್ಲ ನೀರು, ಅಂಚಲ್ಲಿ ಬೆಳ್ಳಗೆ ಪೌಡರು ಕಟ್ಟಿತ್ತು. ಸುಟ್ಟ ವಾಸನೆ ಇತ್ತು. ಕಾಲಿನ ಬಟ್ಟಲುಗಳಲ್ಲಿ ಹೊಸ ನೀರು ತುಂಬಿತ್ತು. ತಂತಿ ಬಂದು ಸೇರೋ ಕಡೆ ಮತ್ತು ಉಳಿದ ಕಡೆಯ ನಡುವೆ ಒಂದು ನ್ಯೂಸ್ ಪೇಪರನ್ನ ಮಡಿಸಿ ಅಡ್ಡ ನಿಲ್ಲಿಸಿದ್ದ. ಪೇಪರು ನೆಂದು ಕುಸಿದು ಡಿಸ್ಕುಗಳ ಮೇಲೆ ಮಲಗಿತ್ತು.

ಶಾಂತರಾಜು ಬಾಗಿಲಲ್ಲಿ ನಿಂತಿದ್ದ. ಮಗಳ ಬೆನ್ನು ನೋಡಿಯೇ ಅವನಿಗೆ ಏನೋ ಆಗಬಾರದ್ದು ಆಗಿದೆ ಅನ್ನಿಸಿರಬೇಕು.

"ಆರಿಸ್ನಿಲ್ಲ ಕಣವ್ವ. ನೀ ಏಳಿದ್ದಂಗೇ ನಡೀತಾನೇ ಇತ್ತು," ಅಂದ. "ಹುಳಿನ್ ಮನೆ ಕಡೀಕ್ ಮಾತ್ರ ಹೊಡ್ದೆ. ನಿಮ್ಮವ್ವನ್ ಮನೆ ಕಡೀಕೆ ಪೇಪರ್ ಅಡ್ಡ ಇಟ್ಟಿವ್ನಿ. ಗೋಡೆ ಅದೆ ಅಂದಿದ್ದಲ್ಲ."

ನಾನು ಹೊಸಲಿನ ಮೇಲೆ ಕುಳಿತೆ. ಈ ಎಪ್ಪತ್ತೆಂಟು ವರ್ಷದಲ್ಲಿ ಸಾವು ಕಂಡಿದ್ದೇನೆ, ಬೆಂಕಿ ಕಂಡಿದ್ದೇನೆ. ಒಬ್ಬ ಮನುಷ್ಯ ಇಷ್ಟು ಜತನದಿಂದ, ಇಷ್ಟು ಪ್ರೀತಿಯಿಂದ ತನ್ನ ಹೆಂಡತಿಯನ್ನ ಎರಡನೇ ಸಲ ಕಳಕೊಂಡದ್ದು ಕಂಡಿರಲಿಲ್ಲ.

ಕೋಮಲ ಪೆಟ್ಟಿಗೆಯ ಮೇಲೆ ಬಗ್ಗಿದಳು. ಪೇಪರನ್ನ ಎರಡು ಬೆರಳಲ್ಲಿ ಎತ್ತಿದಳು.

"ಗೋಡೆ ಲೆಕ್ಕದಲ್ಲಿ ಮಾತ್ರ ಇರಾದಪ್ಪ," ಅಂದಳು. "ಮುಟ್ಟಕ್ಕೆ ಸಿಗಲ್ಲ. ಮೈ ಒಂದೇ. ಅದ ನಾ ಏಳ್ನೇ ಇಲ್ಲ."

ಶಾಂತರಾಜುವಿಗೆ ಅದು ಒಳಗಿಳಿಯೋಕೆ ಹೊತ್ತು ಹಿಡಿಯಿತು. ಇಳಿದ ಮೇಲೆ ತನ್ನ ಎರಡು ಕೈಯನ್ನೂ ನೋಡಿಕೊಂಡ. ಅವು ಬ್ಲೀಚಿಂಗಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಸಂಜೆ ಎಂದಿನ ಹೊತ್ತಿಗೆ ಬಂದು ಖಾಲಿ ಸ್ಟ್ಯಾಂಡಿನ ಮುಂದೆ ನಿಂತ. ಅಭ್ಯಾಸ. ನಿಂತದ್ದು ಗೊತ್ತಾಗಿ ಹೊರಟುಹೋದ. ಆಮೇಲೆ ಅಪ್ಪ ಮಗಳ ನಡುವೆ ಮಾತೇ ನಿಂತಿತು. ಜಗಳವಲ್ಲ. ಇಬ್ಬರೂ ತಾನೇ ಮಾಡಿದ್ದು ಅಂದುಕೊಂಡಿದ್ದರು, ಅದಕ್ಕೆ ಒಬ್ಬರ ಮುಖ ಒಬ್ಬರು ನೋಡದಾದರು.

ನಟರಾಜು ಬಂದು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. ಎರಡು ಡಿಸ್ಕಿನ ಮೇಲಿನ ಬೋರ್ಡೂ ಸುಟ್ಟಿವೆ, ಡಿಸ್ಕಿನೊಳಗೆ ತಿರುಗೋ ತಟ್ಟೆಗೆ ನೀರು ಇಳಿದಿಲ್ಲದಿದ್ದರೆ ಮೈಸೂರಲ್ಲಿ ಬೋರ್ಡು ಬದಲಾಯಿಸಿ ಒಳಗಿದ್ದದ್ದನ್ನ ತೆಗೆಯೋರು ಒಬ್ಬರಿದ್ದಾರೆ, ಬರುತ್ತೆ ಅಂತ ನಾನು ಹೇಳಲಾರೆ, ಬರಲ್ಲ ಅಂತಲೂ ಹೇಳಲಾರೆ ಅಂದ. ಸೋಮವಾರ ತೋರಿಸಿ ಅಂತ ಫೋನಿನಲ್ಲಿ ಮಾತಾಡಿಕೊಟ್ಟ.

ಸೋಮವಾರ ನಮಗೆ ಹೊಸ ಚಾಕಿ ಹುಳ ಬರೋ ದಿನ. ಹುಳ ಬರೋ ದಿನ ಶಾಂತರಾಜು ಊರು ಬಿಟ್ಟೋನಲ್ಲ. ಅವನ ತಂಗಿಯ ಮದುವೆಯ ನಿಶ್ಚಿತಾರ್ಥಕ್ಕೂ ಆ ಕಾರಣಕ್ಕೇ ಹೋಗಿರಲಿಲ್ಲ. ಕೋಮಲ ತಾನೇ ಮೈಸೂರಿಗೆ ಹೋಗೋಕೆ ತಲೆ ಬಾಚಿಕೊಳ್ಳುತ್ತಿದ್ದಳು. ಹೊರಗೆ ಬಂದು ನೋಡಿದರೆ ಅವರಪ್ಪ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತು ಡಿಸ್ಕುಗಳನ್ನ ಬಟ್ಟೆಯಲ್ಲಿ ಸುತ್ತುತ್ತಿದ್ದ. ಚಾಕಿ ಹುಳ ತರುವಾಗ ದಾರೀಲಿ ಒಣಗದಿರಲಿ ಅಂತ ಸುತ್ತೋ ಹಾಗೆ, ಬಟ್ಟೆಯನ್ನ ನೀರಲ್ಲಿ ಅದ್ದಿ ಹಿಂಡಿ.

"ಅಪ್ಪ, ಒದ್ದೆ ಬಟ್ಟೆ," ಅಂದಳು ಕೋಮಲ. ಅಷ್ಟು ದಿನಕ್ಕೆ ಅವಳ ಮೊದಲ ಮಾತು ಅದು.

ಅವನು ಕೈಯಲ್ಲಿದ್ದದ್ದನ್ನ ನೋಡಿ ಜಗಲಿಯ ಮೇಲೆ ಇಟ್ಟುಬಿಟ್ಟ. ಅವಳು ಪಕ್ಕ ಕೂತು ಬಿಚ್ಚಿ, ಒರೆಸಿ, ಒಣಗಿದ ಟವೆಲ್ಲಿನಲ್ಲಿ ಸುತ್ತಿ ಅವನ ಮಡಿಲಿಗಿಟ್ಟಳು.

"ಸೊಪ್ಪ ಸಣ್ಣಕೆ ಹೆಚ್ಚವ್ವ," ಅಂದ. "ಮೊದಲ್ನೇ ಸೊಪ್ಪ ನೀನೇ ಹಾಕು."

"ಅಲ್ಲಾಡಿಸ್ದೆ ಕೂತ್ಕೊ, ಬಸ್ಸಲ್ಲಿ."

ಚಾಕಿ ಹುಳ ಬಂದಾಗ ಇಳಿಸಿಕೊಳ್ಳೋಕೆ ನಾವಿಬ್ಬರೇ ಇದ್ದೆವು. ಶಾಂತರಾಜು ಬೆಳಗಿನ ಬಸ್ಸಿಗೇ ಮೈಸೂರಿಗೆ ಹೋಗಿದ್ದ, ಆ ಸೋಮವಾರ.