ಬಲಕ್ಕೆ ತಿರುಗುವ ಕುದುರೆ

ತಂಬೂರಿನ ಕೆರೆದಂಡೆಯ ಮೇಲೆ ಮೈಲಾರಲಿಂಗನದೊಂದು ಸಣ್ಣ ಗುಡಿ. ಆಷಾಢ ಹಿಡಿದ ಮೇಲಿನ ಒಂದು ರವಿವಾರ, ಪೂರ್ತಿ ಬೆಳಕು ಹರಿಯುವ ಮೊದಲು, ಬಿಳಿ ಕುದುರೆಯೊಂದು ಆ ಗುಡಿಯನ್ನು ಸುತ್ತುತ್ತಿದ್ದುದನ್ನು ಮೊದಲು ಕಂಡವಳು ಶಿವಗಂಗವ್ವ. ಕೆರೆಯಿಂದೆದ್ದ ಮಂಜು ನೆಲವನ್ನು ಮುಚ್ಚಿತ್ತು. ಕುದುರೆಯ ಕಾಲುಗಳೇ ಕಾಣುತ್ತಿರಲಿಲ್ಲ. ಬೆನ್ನು, ಕುತ್ತಿಗೆ, ಒದ್ದೆ ಕೂದಲು ಅಷ್ಟೇ ಮಂಜಿನ ಮೇಲೆ ತೇಲಿಕೊಂಡು ಬಂದು ಗುಡಿಯ ಹಿಂದೆ ಮರೆಯಾಗಿ, ಮತ್ತೆ ಈ ಕಡೆಯಿಂದ ಮೂಡುತ್ತಿದ್ದವು. ಒಂದು, ಎರಡು, ಐದು ಸುತ್ತು. ಗುಡಿ ಯಾವಾಗಲೂ ಅದರ ಬಲಕ್ಕೇ. ಶಿವಗಂಗವ್ವ ಹಾಲಿನ ತಂಬಿಗೆಯನ್ನು ಕೆಸರಿನಲ್ಲೇ ಇಟ್ಟು ಕೈಮುಗಿದಳು.

ಕುದುರೆ ಅವಳ ತಮ್ಮನ ಮಗ ಈರಪ್ಪನದು. ಅವನು ಹದಿನೆಂಟು ವರ್ಷ ದೂರದ ಶಹರದ ರೇಸಿನ ಲಾಯದಲ್ಲಿ ಕುದುರೆಗಳ ಮೈ ತಿಕ್ಕಿ, ಕಾಲಿಗೆ ಪಟ್ಟಿ ಕಟ್ಟಿ, ಆ ಬೇಸಿಗೆಯಲ್ಲಿ ಕೆಲಸ ಬಿಟ್ಟು ಊರಿಗೆ ಬಂದಿದ್ದ. ಬರುವಾಗ ಟೆಂಪೊದಲ್ಲಿ ಇದೊಂದನ್ನು ತಂದಿದ್ದ. ರೇಸಿನ ಪುಸ್ತಕದಲ್ಲಿ ಅದಕ್ಕೆ ಸಿಲ್ವರ್ ಡಚೆಸ್ ಎಂಬ ದೊಡ್ಡಸ್ತಿಕೆಯ ಹೆಸರಿತ್ತು; ಈರಪ್ಪನ ಬಾಯಲ್ಲಿ ಬರೀ ಬೆಳ್ಳಿ. ಮೂರು ವರ್ಷದ್ದಿದ್ದಾಗ ಬೂದಿಬಣ್ಣ, ಒಂಬತ್ತು ತುಂಬುವಷ್ಟರಲ್ಲಿ ಹಾಲುಬಿಳಿ. ಕೊನೆಯ ರೇಸಿನಲ್ಲಿ ಮುಂಗಾಲಿನ ನರ ಹರಿದಿತ್ತು. ಓಡದ ಕುದುರೆಗೆ ಅಲ್ಲಿ ಲಾಯವಿಲ್ಲ. ಮದುವೆ ಮೆರವಣಿಗೆಯವರಿಗೆ ಕೊಡೋಣ ಎಂದರು ಒಬ್ಬರು, ಇನ್ನೊಬ್ಬರು ಅದಕ್ಕಿಂತ ಕೆಟ್ಟದ್ದನ್ನು ಹೇಳಿದರು. "ನನಗ ಕೊಡ್ರಿ" ಎಂದ ಈರಪ್ಪ. ಪೀಡೆ ತೊಲಗಿದರೆ ಸಾಕೆಂದು ಮಾಲೀಕರು ಕೊಟ್ಟುಬಿಟ್ಟರು.

ಗುಡಿ ಸುತ್ತುವುದರ ಗುಟ್ಟು ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಆ ಶಹರದ ರೇಸಿನ ಮೈದಾನದಲ್ಲಿ ಕುದುರೆಗಳು ಓಡುವುದು ಬಲಕ್ಕೆ. ಎರಡು ವರ್ಷದ ಮರಿಯಿದ್ದಾಗಿನಿಂದ ಬೆಳ್ಳಿ ದಿನಾ ನಸುಕಿನಲ್ಲಿ ಒಂದು ತಾಸು ಬಲಕ್ಕೆ ತಿರುಗಿ, ಉಳಿದ ಇಪ್ಪತ್ಮೂರು ತಾಸು ನಾಲ್ಕು ಗೋಡೆಗಳ ನಡುವೆ ನಿಂತು ಬದುಕಿತ್ತು. ಇಲ್ಲಿ ಹಗ್ಗ ಬಿಚ್ಚಿ ಬಿಟ್ಟರೆ ಕೆರೆಯಾಚೆಯವರೆಗೂ ಬಯಲು. ಪಾಪದ ಪ್ರಾಣಿಗೆ ಆ ಬಯಲನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಎದುರಿಗೆ ಕಂಡ ಗುಡಿಯನ್ನು ನಡುವೆ ಇಟ್ಟುಕೊಂಡು, ಕುಂಟುತ್ತಲೇ, ಗೊತ್ತಿದ್ದ ಒಂದೇ ದಾರಿಯಲ್ಲಿ ತಿರುಗುತ್ತಿತ್ತು.

ಊರಿಗೆ ಇದೆಲ್ಲ ಎಲ್ಲಿ ಗೊತ್ತು? ಮೈಲಾರಲಿಂಗನ ವಾಹನ ಕುದುರೆ. ಅದರಲ್ಲೂ ಬಿಳಿ ಕುದುರೆ. ಯಾರೂ ಹೇಳಿಕೊಡದೆ ಪ್ರದಕ್ಷಿಣೆ ಹಾಕುತ್ತದೆ, ಅದೂ ಬಲಕ್ಕೆ! ಮುಂದಿನ ರವಿವಾರ ಹತ್ತು ಮಂದಿ, ಅದರ ಮುಂದಿನ ರವಿವಾರ ಮಿಶ್ರಿಕೋಟಿಯಿಂದಲೂ ಮಂದಿ. "ಏಳಕೋಟಿ ಏಳಕೋಟಿಗೋ" ಎಂದು ಭಂಡಾರ ಎರಚಿದರು. ಮಳೆಹನಿಗೆ ಅರಿಸಿನ ಕರಗಿ ಬಿಳಿ ಕುದುರೆ ಹಳದಿಯಾಯಿತು. ಹೋಳಿಗೆ ತಿನ್ನಿಸಿದರು, ಅಚ್ಚುಬೆಲ್ಲ ತಿನ್ನಿಸಿದರು, ಗೋಧಿ ಹುಗ್ಗಿ, ನೆನೆಸಿದ ಕಡಲೆ, ಬಾಳೆಹಣ್ಣು. ಹೋಗುವಾಗ ಮುಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಈರಪ್ಪ ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹದಿನೆಂಟು ವರ್ಷ "ಲೇ ಈರ್ಯಾ, ಲದ್ದಿ ಬಳಿ" ಎನ್ನಿಸಿಕೊಂಡವನನ್ನು ಮಂದಿ "ಈರಪ್ಪಾರ, ದರ್ಶನಕ್ಕ ಬಿಡ್ತೀರೇನ್ರಿ?" ಎಂದು ಕೇಳುತ್ತಿದ್ದರು. ಮನುಷ್ಯ ಉಬ್ಬಿಹೋದ. ಇಸ್ತ್ರಿ ಅಂಗಿ ಹಾಕಿಕೊಂಡು, ಹಣೆಗೆ ಭಂಡಾರ ಬಳಿದುಕೊಂಡು, ಸ್ವತಃ ಮೈಲಾರನ ಸಂಬಂಧಿಕನ ಹಾಗೆ ನಿಲ್ಲತೊಡಗಿದ. ಕೆಲವು ನಸುಕುಗಳಲ್ಲಿ, ಹಳದಿ ಕುದುರೆ ಮಂಜಿನೊಳಗಿಂದ ಮೂಡಿ ಬರುವಾಗ, ಅವನಿಗೂ ಅನುಮಾನವಾಗುತ್ತಿತ್ತು: ಮೈದಾನವೇ ಸುಳ್ಳೇನೋ, ಸೀಟಿ, ಚಾಬೂಕು, ಮಂದಿಯ ಕೂಗು ಎಲ್ಲ ತಾನು ಕಂಡ ಕೆಟ್ಟ ಕನಸೇನೋ, ಬೆಳ್ಳಿ ಹುಟ್ಟಿದ್ದೇ ಈ ಗುಡಿ ಸುತ್ತಲಿಕ್ಕೇನೋ.

ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಶಿವಗಂಗವ್ವ. ಅವಳ ಮಗಳು ಅಮೃತಾಳನ್ನು ನವಲಗುಂದಕ್ಕೆ ಕೊಟ್ಟಿದ್ದರು. ಎರಡು ಬಸಿರು ನಿಂತಿರಲಿಲ್ಲ. ಈಗ ಮೂರನೆಯದಕ್ಕೆ ಏಳು ತಿಂಗಳು. ಒಂಬತ್ತು ರವಿವಾರ ತನ್ನ ಕೈಯಿಂದ ಕುದುರೆಗೆ ಹೋಳಿಗೆ ತಿನ್ನಿಸುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಐದು ಮುಗಿದಿದ್ದವು.

ಆರನೆಯ ರವಿವಾರಕ್ಕೆ ಎರಡು ದಿನವಿರುವಾಗ ಬೆಳ್ಳಿ ಗುಡಿ ಸುತ್ತಲಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕಾದ ಹೆಂಚಿನ ಮೇಲೆ ನಿಂತಂತೆ ಒಂದೊಂದೇ ಕಾಲು ಬದಲಿಸುತ್ತ ನಿಂತಿತ್ತು. ಈರಪ್ಪ ಕಲಘಟಗಿಗೆ ಫೋನು ಮಾಡಿ ದನದ ಡಾಕ್ಟರು ಶುಭಾ ಅವರನ್ನು ಕರೆಸಿದ. ಅವರು ಗೊರಸನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತರು.

"ಏನ ತಿನ್ನಿಸೀರಿ ಈರಪ್ಪಾರ?"

"ಪ್ರಸಾದರಿ."

"ಎಷ್ಟು?"

"ಊರ ಮಂದಿ ಕೊಟ್ಟಷ್ಟು. ಪ್ರೀತೀಲೆ ಕೊಟ್ಟಾರ್ರಿ."

"ಆ ಪ್ರೀತಿ ಗೊರಸಿಗೆ ಇಳದೈತಿ ನೋಡ್ರಿ. ಸಿಹಿ, ಕಾಳು ಅತಿ ಆದ್ರ ಕುದುರಿಗೆ ಹಿಂಗ ಆಗತೈತಿ. ಒಳಗ ಎಲುಬು ಹಿಡಕೊಂಡಿರೂ ಪದರು ಬಾತೈತಿ. ಇನ್ನ ಒಣಹುಲ್ಲು ಬಿಟ್ರ ಒಂದ ತುತ್ತೂ ಬ್ಯಾಡ. ಕಾಲು ತಣ್ಣೀರಾಗ ಇರಲಿ."

"ಇಲ್ಲಾಂದ್ರ?"

ಡಾಕ್ಟರು ಎದ್ದು ಕೈ ತೊಳೆದುಕೊಂಡರು. "ಎಲುಬು ಜಾಗಾ ಬಿಟ್ಟು ತಿರಗಿತಂದ್ರ, ಮಲಗಿಸಿಬಿಡೂ ಸೂಜಿ ಒಂದ ಉಳೀತೈತ್ರಿ."

ಈರಪ್ಪನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೈಲಾರನ ಕುದುರೆಗೆ ಪ್ರಸಾದ ಬೇಡ ಎಂದು ಯಾವ ಬಾಯಿಂದ ಹೇಳುವುದು? ಶನಿವಾರ ಒಂದು ಉಪಾಯ ಹೂಡಿದ. ಶ್ರಾವಣ ಶುರುವಾಗಿತ್ತು. "ಬೆಳ್ಳಿ ಉಪವಾಸ ಹಿಡದಾಳ" ಎಂದು ಕಟ್ಟೆಯ ಮೇಲೆ ಸುದ್ದಿ ಬಿಟ್ಟ. ಮಂದಿ ಭಕ್ತಿಯಿಂದ ತಲೆದೂಗಿದರು. ಅವನ ಜಾಣತನ ಒಂದು ದಿನವೂ ಬಾಳಲಿಲ್ಲ. ರವಿವಾರ ಬೆಳಗಾಗುವುದರೊಳಗೆ ಗುಡಿಯ ಮುಂದೆ ಉಪವಾಸದ ಫಲಾಹಾರವೆಲ್ಲ ಬಂದು ಕೂತಿತ್ತು: ಸಾಬೂದಾನಿ ಖಿಚಡಿ, ಶೇಂಗಾದುಂಡಿ, ಖಜೂರಿ, ಒಂದು ಬುಟ್ಟಿ ಬಾಳೆಹಣ್ಣು.

ಶಿವಗಂಗವ್ವ ಮಾತ್ರ ಹೋಳಿಗೆಯನ್ನೇ ತಂದಿದ್ದಳು. ಹರಕೆಯ ಮಾತೆಂದರೆ ಮಾತು. ಬೆಳ್ಳಿ ಬೇವಿನ ಮರದ ಕೆಳಗೆ ಕಣ್ಣು ಅರೆಮುಚ್ಚಿ ನಿಂತಿತ್ತು. ಮೈಮೇಲಿನ ಭಂಡಾರ ಮಳೆಗೆ ಇಳಿದು ಅದರ ಸುತ್ತ ನೆಲವೆಲ್ಲ ಹಳದಿಯಾಗಿತ್ತು. ಅವಳು ತುಪ್ಪ ಸವರಿದ ಹೋಳಿಗೆ ಮುರಿದು ಕೈ ಚಾಚಿದಳು. ಈರಪ್ಪ ನಡುವೆ ಬಂದು ನಿಂತ.

"ಬ್ಯಾಡತ್ತಿ."

"ಬಾಜೂಕ ಸರಿ. ಆಕಿ ಉಪವಾಸ ಇದ್ರ ಒಂದ ಚೂರು ಮೂಸಿದ್ರೂ ಸಾಕು."

"ಉಪವಾಸ ಸುಳ್ಳು." ಅವನು ಬೆಳ್ಳಿಯ ಕುತ್ತಿಗೆಗೆ ಕೈ ಹಾಕಿದ. "ಪ್ರದಕ್ಷಿಣಿನೂ ಸುಳ್ಳು. ಅಲ್ಲಿ ಬಲಕ್ಕ ಓಡಸತಿದ್ರು, ಆಕಿಗೆ ಅದ ರೂಢಿ. ಬ್ಯಾರೆ ಏನೂ ಗೊತ್ತಿಲ್ಲ ಆಕಿಗೆ. ನನಗ ಗೊತ್ತಿತ್ತು, ನಾ ಹೇಳಲಿಲ್ಲ."

ಮಂದಿಯಲ್ಲಿ ಗುಜುಗುಜು ಎದ್ದಿತು. "ಈರಪ್ಪಗ ಸೊಕ್ಕು ಬಂತು" ಎಂದರೊಬ್ಬರು. "ಮೈಲಾರಪ್ಪ ಸಿಟ್ಟಾದಾನು" ಎಂದರು ಮತ್ತೊಬ್ಬರು. ಈರಪ್ಪ ಯಾರ ಕಡೆಗೂ ನೋಡಲಿಲ್ಲ.

"ಕೊನೀ ರೇಸಿನ ದಿನ ಮುಂಜಾನೆ ಕಾಲಿಗೆ ಪಟ್ಟಿ ಕಟ್ಟಿದಾಂವ ನಾನ ಅತ್ತಿ. ಕಾಲು ಕಾದಿತ್ತು. ಈ ಕೈಗೆ ಗೊತ್ತಾತು. ಹೇಳಿದ್ರ ಬೈತಾರಂತ ಬಾಯಿ ಮುಚ್ಚಿಕೊಂಡೆ. ಅರ್ಧ ಮೈದಾನ ಓಡೂದ್ರಾಗ ನರ ಹರೀತು. ಈಗ ಮತ್ತ ಕಾದಾವು. ಮತ್ತ ಬಾಯಿ ಮುಚ್ಚಿಕೊಂಡ್ರ ಆಕಿ ಸಾಯತಾಳ."

ಶಿವಗಂಗವ್ವ ಹೋಳಿಗೆಯ ತಾಟನ್ನು ಎದೆಗೆ ಒತ್ತಿ ಹಿಡಿದಳು. "ಹರಕಿ ಮುರದು ಅಮೃತಾಗ ಏನರ ಆದ್ರ? ನೀ ಜವಾಬ್ದಾರೇನಲೇ?"

ಈ ಸಲ ಈರಪ್ಪ ಇಲ್ಲದ ಉತ್ತರವನ್ನು ಹುಟ್ಟಿಸಲು ಹೋಗಲಿಲ್ಲ. "ನನಗ ಗೊತ್ತಿಲ್ಲತ್ತಿ" ಎಂದ. "ನೀ ದಿನಾ ಆ ಕಾಲ ಮುಟ್ಟಿ ನಮಸ್ಕಾರ ಮಾಡತಿ. ಇವತ್ತ ಮುಟ್ಟಿ ಕೈ ತಗೀಬ್ಯಾಡ. ಹಂಗ ಇಟಗೊಂಡ ಕುಂದರು. ಅಷ್ಟ ಮಾಡು. ಆಮ್ಯಾಲ ತಿನ್ನಸಬೇಕು ಅನಸಿದ್ರ ತಿನ್ನಸು. ನಾ ಅಡ್ಡ ಬರೂದಿಲ್ಲ."

ಅವಳು ಅವನನ್ನು ದಿಟ್ಟಿಸಿ ನೋಡಿ, ತಾಟನ್ನು ಪಕ್ಕದವಳಿಗೆ ಕೊಟ್ಟು, ಹಳದಿ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಗೊರಸಿನ ಮೇಲೆ ಅಂಗೈ ಇಟ್ಟಳು. ಜಿಟಿಜಿಟಿ ಮಳೆ ಬೇವಿನ ಎಲೆಗಳ ಮೇಲೆ ಬೀಳುವುದಷ್ಟೇ ಕೇಳಿಸುತ್ತಿತ್ತು. ಬೆಳ್ಳಿ ಕುತ್ತಿಗೆ ಇಳಿಸಿ, ಅವಳ ಸೆರಗಿನ ಹತ್ತಿರ ಮೆಲ್ಲಗೆ ಉಸಿರು ಬಿಟ್ಟಿತು. ಅವಳು ಕೈ ತೆಗೆದು ಹಿಂಗಾಲಿನ ಗೊರಸು ಮುಟ್ಟಿದಳು, ಮತ್ತೆ ಮುಂಗಾಲಿಗೆ ಬಂದಳು. ಅಲ್ಲಿಂದ ಕೈ ತೆಗೆಯಲೇ ಇಲ್ಲ.

"ಸುಡಾಕ ಹತ್ತೇತಲ್ಲೋ ಈರಾ" ಎಂದಳು ಕೊನೆಗೆ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಹ್ವಾದ ಸಲ ಬಸರಿದ್ದಾಗ ಅಮೃತಾಗ ಜ್ವರ ಬಂದಿತ್ತು. ಮನ್ಯಾಗ ಮಲಗಿದ್ಳು ಮಗಳು. ನಾ ಆಕಿ ಸಲುವಾಗಿ ಗುಡಿ ಗುಡಿ ತಿರಗಿದೆ. ಬಂದು ಒಂದ ಸಲಾನರ ಹಣಿ ಮುಟ್ಟಿ ನೋಡಲಿಲ್ಲ. ಮೂರ ದಿನ ಹಂಗ ಕಾದಿದ್ಳು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಎದ್ದವಳ ದನಿಯೇ ಬೇರೆ ಇತ್ತು. "ಏನ ನೋಡಕೋತ ನಿಂತೀರಿ? ಖಿಚಡಿ ಮನೀಗೆ ಒಯ್ದು ಉಣ್ರಿ. ಕೊಡ ತರ್ರಿ, ನೀರು ತರ್ರಿ! ಹರಕಿ ಪಾಪ ಇದ್ರ ನನಗ ಬರಲಿ."

ಅವತ್ತು ಬೆಳ್ಳಿಯನ್ನು ಒಂದೊಂದೇ ಹೆಜ್ಜೆ ನಡೆಸಿ ಕೆರೆಯ ಅಂಚಿಗೆ ಇಳಿಸಿದರು. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಅದು ಹಗಲೆಲ್ಲ ನಿಂತಿತ್ತು. ಮೈಯಿಂದ ಅರಿಸಿನ ಎಳೆ ಎಳೆಯಾಗಿ ನೀರಿಗಿಳಿದು ದೂರ ಸಾಗುತ್ತಿತ್ತು. ದಂಡೆಗೆ ತಂದು ಕಟ್ಟಿದ ಮೇಲೆ ಮಂದಿ ಸರದಿಯಲ್ಲಿ ಕೊಡ ಸುರಿದರು. ಸೊಕ್ಕು ಬಂತು ಎಂದವನೇ ಎಲ್ಲರಿಗಿಂತ ಹೆಚ್ಚು ನೀರು ಹೊತ್ತ. ಶಿವಗಂಗವ್ವ ಮಾತ್ರ ಅಲ್ಲಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ, ಉಟ್ಟ ಸೀರೆಯಲ್ಲೇ, ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ನವಲಗುಂದದ ಬಸ್ಸು ಹಿಡಿದಿದ್ದಳು.

ಬುಧವಾರ ಶುಭಾ ಡಾಕ್ಟರು ಬಂದು ಗೊರಸು ಹಿಡಿದು ನೋಡಿದರು. ಎಲುಬು ಜಾಗ ಬಿಟ್ಟಿರಲಿಕ್ಕಿಲ್ಲ, ಗಂಡಾಂತರ ದಾಟಿದ ಹಾಗಿದೆ, ಆದರೆ ಇನ್ನು ಜನ್ಮವಿಡೀ ಪಥ್ಯ ಎಂದರು. ಅವರು ಹೋದ ಮೇಲೆ ಈರಪ್ಪ ಕೆರೆಯಂಚಿನ ನೀರಿನಲ್ಲೇ ಕುಳಿತು, ನಾಚಿಕೆ ಬಿಟ್ಟು ಅತ್ತ. ಆಮೇಲೆ ಅತ್ತೆಗೆ ಫೋನು ಹಚ್ಚಿದ.

"ತಣ್ಣಗಾಗ್ಯಾವ ಅತ್ತಿ."

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು.

"ಅಮೃತಾ ಹೆಂಗದಾಳ?"

"ಮೆಲ್ಲಗ ಮಾತಾಡಲೇ" ಎಂದಳು ಶಿವಗಂಗವ್ವ. "ಮಕ್ಕೊಂಡಾಳ. ಹಣಿ ಮ್ಯಾಲ ಕೈ ಇಟಗೊಂಡ ಕುಂತೀನಿ."