ಬಾಗಿಲ ಹಿಂದಿನ ಹಸಿರು

ಬಿಸಿಲು ನೆಲದ ಮೂರನೆಯ ಹಾಸುಗಲ್ಲನ್ನು ದಾಟುತ್ತಿದೆ, ಅದು ಎದುರು ಗೋಡೆಯ ಬುಡವನ್ನು ಮುಟ್ಟಿದರೆ ನಾಲ್ಕು ಗಂಟೆ, ಅಪ್ಪನಿಗೆ ಬೇರೆ ಗಡಿಯಾರ ಬೇಕಿರಲಿಲ್ಲ, ನಾಲ್ಕಕ್ಕೆ ಮನೆಯ ಮಾಲೀಕರು ಮೆಟ್ಟಿಲೇರಿ ಬರುತ್ತಾರೆ, ಹಿಂದೆಯೇ ಹೊಸ ಬಾಡಿಗೆಯವರು, ಗಂಡ, ಹೆಂಡತಿ, ಹೆಗಲ ಮೇಲೆ ನಿದ್ದೆಹೋದ ಎಳೆಗೂಸು — ಅಷ್ಟರೊಳಗೆ ಮೂವತ್ತೆಂಟು ವರ್ಷ ಈ ಎರಡು ಕೋಣೆಗಳಲ್ಲಿ ಅಪ್ಪ ಆಡಿದ ಮಾತೆಲ್ಲ ಗೋಡೆಯಿಂದ ಇಳಿದು ತಗಡಿನ ಮರಿಗೆಯಲ್ಲಿ ಹಿಟ್ಟಾಗಿ ಬಿದ್ದಿರಬೇಕು. ಅವಳು ಒದ್ದೆ ಬಟ್ಟೆಯನ್ನು ಹಿಂಡಿ ಗೋಡೆಗೆ ಒತ್ತುತ್ತಾಳೆ, ಎಣಿಸುತ್ತಾಳೆ, ಇಪ್ಪತ್ತರವರೆಗೆ ಬಿಡಬೇಕು, ದನಿ ನೆನೆದು ಸಡಿಲವಾಗಬೇಕು, ಆಮೇಲೆ ಅಲಗನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಕೆರೆಯಬೇಕು, ಎಂದೂ ಕೆಳಗಿನಿಂದ ಮೇಲಕ್ಕಲ್ಲ. ಈ ಊರಿನಲ್ಲಿ ಯಾವ ಖಾಲಿ ಮನೆಯೂ ನಿಜವಾಗಿ ಖಾಲಿಯಲ್ಲ, ಬಿಟ್ಟುಹೋದವರ ಮಂಚ, ಕಪಾಟು, ಕನ್ನಡಿ ಗಾಡಿ ಹತ್ತುತ್ತವೆ, ದನಿ ಹತ್ತುವುದಿಲ್ಲ, ಉಳಿದುಬಿಡುತ್ತದೆ, ಕೂಗಾಟ ಚಾವಣಿಯ ಮೂಲೆಗೆ ಏರಿ ಜೋತುಬೀಳುತ್ತದೆ, ಜಗಳ ಒಲೆಯ ಮೇಲೆ ಹೊಗೆಯ ಜೊತೆ ಜಿಡ್ಡುಗಟ್ಟುತ್ತದೆ, ಪಿಸುಮಾತು ದಿಂಬಿನ ಎತ್ತರಕ್ಕೆ, ಅಳು ಬಚ್ಚಲಿನ ನಲ್ಲಿಯ ಹಿಂದೆ, ಅದನ್ನೆಲ್ಲ ಕೆರೆದು ತೆಗೆಯದೆ ಹೊಸಬರು ಒಳಗೆ ಕಾಲಿಡುವಂತಿಲ್ಲ, ಕೆರೆಯುವಾಗ ಪ್ರತಿಯೊಂದು ದನಿಯೂ ಕೊನೆಯ ಸಲ ಒಮ್ಮೆ ಕೇಳಿಸುತ್ತದೆ, ಕೇಳಿಸಿ ಉದುರುತ್ತದೆ. ಕೇಳಿಸಿಕೊಳ್ಳಬಹುದು, ಓಗೊಡಬಾರದು. ಈ ಕಸುಬಿಗೆ ಅದೊಂದೇ ಕಟ್ಟಳೆ, ಗೋಡೆಯ ದನಿಗೆ ಓಗೊಟ್ಟರೆ ಅದು ಇಟ್ಟಿಗೆಯವರೆಗೆ ಬೇರು ಬಿಡುತ್ತದೆ, ಕಿವಿ ಹಚ್ಚಿದವರಿಗೆ ಕೆರೆಯದೆಯೂ ಕೇಳಿಸುತ್ತದೆ, ಓಗೊಟ್ಟವರ ಗಂಟಲಿನಿಂದ ಒಂದು ಎಳೆಯನ್ನು ಕಿತ್ತುಕೊಳ್ಳುತ್ತದೆ, ಕಿತ್ತ ಎಳೆ ಮರಳುವುದಿಲ್ಲ, ಅಪ್ಪ ಹೇಳಿಕೊಟ್ಟದ್ದು, ಅಕ್ಷರಕ್ಕಿಂತ ಮೊದಲು, ಉಣ್ಣುವ ಕೈ ಯಾವುದೆನ್ನುವುದಕ್ಕಿಂತ ಮೊದಲು. ಬೀಗದ ಕೈ ಕೊಡುತ್ತ ಮಾಲೀಕರು ನಕ್ಕಿದ್ದರು, ನಿಮ್ಮಪ್ಪನ ಮನೆ ತಾನೇ, ಅರ್ಧ ಗಂಟೆ ಕೆಲಸ ಬಿಡಮ್ಮ, ಆ ಮನುಷ್ಯ ಬಾಯಿ ಬಿಡ್ತಾ ಇದ್ದದ್ದೇ ಆಕಳಿಸೋಕೆ, ಅವಳೂ ನಕ್ಕಳು, ನಗು ಮುಗಿದ ಮೇಲೆ ಎಲ್ಲೋ ಚುಚ್ಚಿತು. ಇಪ್ಪತ್ತು. ಅಲಗು ಇಳಿಯುತ್ತದೆ — ದೀಪ ಆರ್ಸು. ತಟ್ಟೆ ತೊಳೆದಿಡು. ಅಲಗು ಹಿಡಿಯೋ ರೀತೀನಾ ಇದು, ಗೋಡೆಗೇನು ಬೆಣ್ಣೆ ಸವರ್ತಿದ್ದೀಯಾ? ಆ ಮೂಲೆ ಯಾರು, ನಿಮ್ಮಜ್ಜಿ ಎದ್ದು ಬಂದು ಕೆರೀತಾಳಾ? ಹೌದು, ಇದೇ ದನಿ, ಒಣ ಹಲಗೆಯನ್ನು ಕೊಯ್ದ ಹಾಗೆ, ಇದು ಅವಳಿಗೆ ಬಾಯಿಪಾಠ, ಇದನ್ನು ಕೇಳಲು ಅವಳು ಬಂದದ್ದಲ್ಲ, ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು, ಬೇಡ ನಾನೇ ಮಾಡ್ತೀನಿ ಎಂದದ್ದು ಒಂದೇ ಒಂದು ಆಸೆಯಿಂದ, ಎಲ್ಲಾದರೂ ಒಂದು ಕಡೆ, ಹಾಸಿಗೆಯ ಹಿಂದೆ, ಕಿಟಕಿಯ ಸಂದಿನಲ್ಲಿ, ಅವಳಿಗೆಂದು ಆಡಿದ ಒಂದು ಮೆದು ಮಾತು ಅಂಟಿಕೊಂಡಿರಬಹುದು, ಎದುರಿಗೆ ಆಡಲಾರದೆ ಬೆನ್ನ ಹಿಂದೆ ಆಡಿದ್ದು, ಒಂದು ಭೇಷ್, ಒಂದು ಊಟ ಆಯ್ತಾ, ಅಷ್ಟು ಸಾಕು. ಏಳು ಗೋಡೆ ಮುಗಿದಿವೆ. ಉಳಿದದ್ದು ಒಂದು. ಕೆಮ್ಮು ಸಿಕ್ಕಿತು, ಬೈಗುಳ ಸಿಕ್ಕಿತು, ಚಪ್ಪಲಿ ಎಲ್ಲಿ ಎಂಬ ಗೊಣಗು ಸಿಕ್ಕಿತು.

ಇನ್ನು ಕೇಳಬೇಕೆಂದರೂ ಬೇರೆ ಕಡೆ ಎಲ್ಲಿದೆ, ಆರೈಕೆಮನೆಯ ಕಬ್ಬಿಣದ ಮಂಚದಲ್ಲಿ ಅಪ್ಪ ಇದ್ದಾನೆ, ಕೈಕಾಲು ಇವೆ, ಹಸಿವು ಇದೆ, ದನಿ ಇಲ್ಲ, ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಕತ್ತು ಅಲ್ಲಾಡಿಸಿದರು, ನೂಲು ಸವೆದ ಹಾಗೆ ಸವೆದಿದೆಯಮ್ಮ, ಒಂದು ದಿನದ್ದಲ್ಲ ಇದು, ವರ್ಷಗಟ್ಟಲೆಯದು, ಇವರು ತುಂಬ ಮಾತಾಡೋರಾ? ಮಾತಾಡೋರಾ! ಅವಳಿಗೆ ಒಡನೆಯೇ ಹೊಳೆದಿತ್ತು, ಅಪ್ಪ ಎಲ್ಲೋ ಓಗೊಟ್ಟಿದ್ದಾನೆ, ಒಂದು ಸಲವಲ್ಲ ಸಾವಿರ ಸಲ, ಈ ಕಟ್ಟಳೆಯ ಮನುಷ್ಯ, ಯಾವ ಮನೆಯ ಯಾವ ದನಿಗೆ, ಯಾರಿಗೆ? ಅಮ್ಮನಿಗಲ್ಲ, ಅಮ್ಮನ ದನಿಯನ್ನು ಅಮ್ಮ ಸತ್ತ ವಾರದಲ್ಲೇ ಈ ಮನೆಯಿಂದ ಕೆರೆದು ತೆಗೆದವನು ಅವನೇ, ಒಂದು ಹಾಡಿನ ತುಣುಕನ್ನೂ ಉಳಿಸಲಿಲ್ಲ, ನಾಲ್ಕು ವರ್ಷದ ಮಗಳಿಗೆಂದೂ ಉಳಿಸಲಿಲ್ಲ. ಮತ್ತೆ ಅದೇ ಮನುಷ್ಯ ಅವಳಿಗೆ ಇಪ್ಪತ್ತನಾಲ್ಕಾದಾಗ ಮಾಡಿದ್ದೇನು, ಯಾರದೋ ಮನೆಯ ಮಹಡಿಯ ಕೋಣೆ, ಅಲಗಿನ ಕೆಳಗಿನಿಂದ ಒಬ್ಬ ಮುದುಕಿಯ ದನಿ, ಯಾರಾದ್ರೂ ಇದ್ದೀರಾ, ಬಾಯಾರಿಕೆ ಕಣ್ರೋ, ಅವಳ ಬಾಯಿ ತಾನಾಗಿ ತೆರೆದುಕೊಂಡಿತು, ಇದ್ದೀನಜ್ಜಿ, ಅಷ್ಟೇ ಅಂದದ್ದು, ಗಂಟಲಲ್ಲಿ ಕೂದಲು ಕಿತ್ತ ಹಾಗಾಯಿತು, ಅಪ್ಪ ಕೆಲಸಗಾರರ ಎದುರಿಗೆ ಅವಳ ಕೈಯ ಅಲಗನ್ನು ಕಿತ್ತುಕೊಂಡ, ಆಗಲೇ ಅರ್ಧ ಒಡೆದಿದ್ದ ದನಿಯಲ್ಲಿ, ಕರುಣೆ ಉಕ್ಕಿದ್ರೆ ಆಸ್ಪತ್ರೇಲಿ ಕೆಲಸ ನೋಡ್ಕೋ, ಇಲ್ಲಿ ಬಾಯಿ ಇರೋರು ಬೇಡ. ಅವಳು ಹೊರಟುಬಿಟ್ಟಳು. ಊರಿನ ಇನ್ನೊಂದು ತುದಿ, ತನ್ನದೇ ಮರಿಗೆ, ತನ್ನದೇ ಅಲಗು, ಹನ್ನೊಂದು ವರ್ಷ. ಇವತ್ತು ಬೆಳಿಗ್ಗೆ ಮಂಚದ ಪಕ್ಕ ನಿಂತಿದ್ದಾಗ ದಾದಿ ತೋರಿಸಿದಳು, ನೋಡಿ ನೋಡಿ, ದಿನಕ್ಕೊಂದು ಸಲ ಹೀಗೆ, ಗೋಡೆ ಕಡೆ ತಿರುಗಿ ಮೂರು ಸಲ ತುಟಿ ಆಡಿಸ್ತಾರೆ, ಆಮೇಲೆ ಕಿವಿಗೊಟ್ಟು ಕಾಯ್ತಾರೆ, ಏನಂತೆ ಕೇಳಿ ಅಕ್ಕ, ನೀವು ಮಗಳಲ್ವಾ. ಅವಳು ಬಗ್ಗಲಿಲ್ಲ. ಹೊತ್ತಾಯ್ತು, ಕೆಲಸ ಇದೆ ಎಂದಳು. ಯಾರೋ ಕರೆದಂತಾದಾಗ ಬಾಯಿ ಮುಚ್ಚಿಕೊಳ್ಳುವುದು, ಅಭ್ಯಾಸ, ಮೂಳೆಗಿಳಿದ ಅಭ್ಯಾಸ.

ಕೊನೆಯ ಗೋಡೆ, ಬಾಗಿಲ ಹಿಂದಿನದು. ಬಾಗಿಲನ್ನು ಮುಚ್ಚಿದರೆ ಮಾತ್ರ ಕಾಣುವ ಗೋಡೆ, ಅದರಲ್ಲಿ ಅವಳ ಮೊಣಕಾಲಿನ ಎತ್ತರದಲ್ಲಿ ಅಂಗೈಯಗಲದ ಹಸಿರು, ಮನೆಯೆಲ್ಲ ಕೆರೆದು ಕೆರೆದು ಸುಣ್ಣ ಕಂಡು ಬೆಳ್ಳಗಾಗಿದೆ, ಅಷ್ಟು ಮಾತ್ರ ಹಳೆಯ ಬಣ್ಣ, ಪಾಚಿ ಕಟ್ಟಿದ ನೀರಿನ ಹಸಿರು. ಹತ್ತು ವರ್ಷದವಳಾಗಿದ್ದಾಗ ಕೇಳಿದ್ದಳು, ಅಪ್ಪಾ, ಇಲ್ಲಿ ಬಿಟ್ಟುಹೋಗಿದೆ, ನಾನು ಬಿಟ್ಟಿದ್ರೆ ನೀನು ಬೈತಿದ್ದೆ, ಅಲಗಿನ ಹಿಡಿ ಗೆಣ್ಣಿನ ಮೇಲೆ ಬಿತ್ತು, ಅದರ ಗೊಡವೆ ನಿನಗ್ಯಾಕೆ, ಆಮೇಲೆ ಕೇಳಲಿಲ್ಲ. ಈಗ ಕುಳಿತು ಬೆರಳಿನಿಂದ ಮುಟ್ಟುತ್ತಾಳೆ, ಹಸಿರಿನ ಮೇಲೆ ಪೊರೆ, ಪೊರೆಯ ಮೇಲೆ ಪೊರೆ, ರೊಟ್ಟಿಯ ಅಂಚಿನಷ್ಟು ದಪ್ಪ, ಇಂಥದ್ದನ್ನು ಯಾವ ಮನೆಯಲ್ಲೂ ಕಂಡಿಲ್ಲ, ಒಂದೇ ಜಾಗದಲ್ಲಿ ದಿನಾ ಆಡಿದ್ದು, ವರ್ಷಗಟ್ಟಲೆ. ಬಟ್ಟೆ ಒತ್ತುತ್ತಾಳೆ. ಹದಿನೆಂಟು, ಹತ್ತೊಂಬತ್ತು. ಮೊದಲ ಪೊರೆ ಏಳುತ್ತದೆ — ಮಾತಿಲ್ಲ, ಬರೀ ಉಸಿರು, ಹೂ, ಹೂ, ಹೂ, ಮೂರು ಸಲ. ಮೂರು. ಕೈ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ, ಎರಡನೆಯದು ಹರಿದ ಬಟ್ಟೆಯಂಥ ದನಿ, ಅದರ ಕೆಳಗಿನದು ಇನ್ನೊಂದಿಷ್ಟು ಗಟ್ಟಿ, ಬಂದೆ. ಬಂದೆ ಕಣೇ. ಎಲ್ಲಿದ್ದೀಯಾ? ಅಪ್ಪನೇ, ಆದರೆ ಈ ದನಿ ಅಪ್ಪನದಲ್ಲ, ಇದರಲ್ಲಿ ಹಲಗೆ ಇಲ್ಲ, ಕೊಯ್ತವಿಲ್ಲ, ಇದು ಮಂಡಿಯೂರಿದವನ ದನಿ, ಬಂದೆ, ಬಂದೆ ಕಣೇ, ಅಲಗು ಇಳಿದಂತೆಲ್ಲ ವರ್ಷಗಳು ಹಿಂದಕ್ಕೆ ಸರಿಯುತ್ತಿವೆ, ಒಡೆದದ್ದು ಕೂಡಿಕೊಳ್ಳುತ್ತಿದೆ, ಒಂದು ಪೊರೆಯಲ್ಲಿ ಮಾತು ಬೇರೆ, ಬಂದೆ, ಬಂದೆ ಕಣೇ, ಎಲ್ಲಿಗೆ ಹೋದೆ? ಅದು ಯಾವ ದಿನ ಎಂದು ಅವಳಿಗೆ ಹೇಳಬೇಕಾಗಿಲ್ಲ, ಆ ಸಂಜೆ ಅವಳು ಊರಿನ ಆ ತುದಿಯಲ್ಲಿ ಹೊಸ ಮರಿಗೆ ತೊಳೆಯುತ್ತಿದ್ದಳು. ಅದರ ಕೆಳಗೆ ಹದಿನಾರರ ಅವಳು ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ವರ್ಷ, ಅದರ ಕೆಳಗೆ ಹತ್ತರ ಅವಳು ಊದಿದ ಗೆಣ್ಣನ್ನು ನೀರಿಗೆ ಹಿಡಿದ ವರ್ಷ, ಎಲ್ಲದರಲ್ಲೂ ಎಲ್ಲಿದ್ದೀಯಾ, ಎಲ್ಲಿದ್ದೀಯಾ — ಇಲ್ಲೇ ಇದ್ದೆನಲ್ಲ! ಎರಡು ಹೆಜ್ಜೆ ದೂರ, ಹಸಿದುಕೊಂಡು, ಕಿವಿ ತೆರೆದುಕೊಂಡು, ಇದರಲ್ಲಿ ಒಂದು ಎಳೆ, ಒಂದೇ ಒಂದು ಎಳೆಯನ್ನು ಆ ಕೋಣೆಗೆ ತಂದಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು, ಎಲ್ಲವನ್ನೂ ಯಾರಿಗೆ ಸುರಿದೆ ಮಾರಾಯ, ಯಾರವಳು?

ಪೊರೆ ಮುಗಿಯುತ್ತದೆ. ಹಸಿರು ಮಾತ್ರ ಉಳಿದಿದೆ, ಅಲಗನ್ನು ಇಟ್ಟಿಗೆಯವರೆಗೆ ಊರಿದ ಮೇಲೆ ಅಂಚು ಒಂದಿಷ್ಟು ಉದುರುತ್ತದೆ, ಆಗ ಕೇಳಿಸುತ್ತದೆ, ಅಲ್ಲಿ ಅಪ್ಪ ಇಲ್ಲ, ಹಾಲುಹಲ್ಲಿನ ಬಾಯಿಯ ತೊದಲು, ನಗು ತಡೆದುಕೊಂಡ ಬಾಯಿ, ಅಪ್ಪಾ, ನಾನಿಲ್ಲಿ ಇಲ್ಲ, ಹುಡುಕು! ಬೆನ್ನಿಗೆ ತಣ್ಣನೆಯ ಗೋಡೆ. ಬಾಗಿಲ ಸಂದಿಯಲ್ಲಿ ಬೆಳಕಿನ ಒಂದು ಗೀಟು. ಅಮ್ಮ ಹೋದ ವಾರ, ಅಪ್ಪ ಕೋಣೆ ಕೋಣೆಯ ಗೋಡೆಗಳಿಂದ ಅಮ್ಮನನ್ನು ಇಳಿಸುತ್ತಿದ್ದ, ಮನೆಯ ತುಂಬ ಅಮ್ಮನ ದನಿ, ಅಮ್ಮನ ಜೊತೆ ಅವಳು ಆಡಿದ್ದ ಆಟಗಳ ದನಿ, ಎಲ್ಲವೂ ಒಂದೊಂದಾಗಿ ಕೇಳಿಸಿ ಉದುರುತ್ತಿದ್ದವು, ಅವನು ಹಲ್ಲು ಕಚ್ಚಿ ಯಾವುದಕ್ಕೂ ಓಗೊಡದೆ ಕೆರೆಯುತ್ತಿದ್ದ, ಕಟ್ಟಳೆ, ಅವಳು ಬಾಗಿಲ ಹಿಂದೆ ಅವಿತು ಕೂಗಿದಳು, ನಾನಿಲ್ಲಿ ಇಲ್ಲ. ಹೆಜ್ಜೆ ಹತ್ತಿರ ಬಂತು, ಎರಡು, ಮೂರು, ನಿಂತಿತು. ಅವಳು ಉಸಿರು ಬಿಗಿಹಿಡಿದಳು. ಮತ್ತೆ ಕೂಗಿದಳು, ಹುಡುಕು. ಹೆಜ್ಜೆ ತಿರುಗಿತು. ಆಚೆಯ ಕೋಣೆಯಲ್ಲಿ ಅಲಗಿನ ಸದ್ದು ಶುರುವಾಯಿತು, ಕರ್, ಕರ್, ಕರ್, ಅವಳು ಕೂಗಿದಷ್ಟೂ ಕರ್ ಎಂದು ಜೋರಾಗಿ, ಕಾಲು ಜೋಮು ಹಿಡಿಯಿತು, ಬೆಳಕಿನ ಗೀಟು ಮಂಕಾಯಿತು — ಇದನ್ನೆಲ್ಲ ಅವಳು ಎಂದೂ ಮರೆತಿರಲಿಲ್ಲ, ಅಪ್ಪ ಹುಡುಕಲಿಲ್ಲ ಎಂಬುದರ ಮೇಲೆಯೇ ಅವಳು ಮೂವತ್ತೊಂದು ವರ್ಷ ನಿಂತಿದ್ದಾಳೆ, ಆದರೆ ಸಂಜೆ ಬಾಗಿಲು ಸರಿಸಿ ಅಲ್ಲಿ ಅವಳನ್ನು ಕಂಡಾಗ ಅವನು ಒಂದು ಹೆಜ್ಜೆ ಹಿಂದೆ ಸರಿದದ್ದು, ಗೋಡೆ ಹಿಡಿದುಕೊಂಡದ್ದು, ಅದನ್ನು ಎಂದೂ ಅರ್ಥಮಾಡಿಕೊಂಡಿರಲಿಲ್ಲ. ಗೋಡೆಯ ದನಿ ಅಂದುಕೊಂಡಿದ್ದ. ಜೀವಂತ ಮಗುವಿನ ಕರೆಯನ್ನು ಉಳಿದುಹೋದ ದನಿಯೆಂದು ತಿಳಿದು ಕಟ್ಟಳೆ ಪಾಲಿಸಿದ್ದ. ಆಮೇಲೆ ಆ ಕಟ್ಟಳೆಯನ್ನು ದಿನಾ ಮುರಿದ, ದಿನಾ ಬಾಗಿಲು ಮುಚ್ಚಿ, ಮಂಡಿಯೂರಿ, ಬಂದೆ, ಬಂದೆ ಕಣೇ, ಅಂದು ಕೊಡಬೇಕಾಗಿದ್ದ ಉತ್ತರವನ್ನು ಗೋಡೆಗೆ ಕೊಟ್ಟ, ಕೊಟ್ಟೂ ಕೊಟ್ಟೂ ಪಕ್ಕದ ಕೋಣೆಯಲ್ಲಿ ಬೆಳೆಯುತ್ತಿದ್ದವಳಿಗೆ ಬೈಗುಳವಷ್ಟೇ ಉಳಿಯಿತು.

ಆಯ್ತೇನಮ್ಮಾ? ಕೆಳಗಿನಿಂದ ಮಾಲೀಕರು, ಹತ್ತಿಸ್ಬೇಡ ಮಾರಾಯ್ತಿ, ಮಂಡಿ ನನ್ನ ಮಾತು ಕೇಳೋದಿಲ್ಲ. ಅವರ ಹಿಂದೆ ಹೆಂಗಸಿನ ದನಿ, ಗಾಳಿ ಚೆನ್ನಾಗಿದೆ ಅಲ್ವಾ ರೀ. ಬಿಸಿಲು ಗೋಡೆಯ ಬುಡವನ್ನು ಮುಟ್ಟಿದೆ. ಹಸಿರು ಉಗುರಿನಷ್ಟು ಉಳಿದಿದೆ, ಅದರೊಳಗೆ ಕೊನೆಯ ಕರೆ, ಯಾರೂ ಓಗೊಡದ ಎರಡನೆಯ ಕರೆ, ಅವಳ ಗಂಟಲು ತಾನಾಗಿ ಆಕಾರ ತಳೆಯುತ್ತಿದೆ, ಬಂದೆ, ಅಂದುಬಿಡು, ಒಂದು ಎಳೆ ಹೋದರೆ ಹೋಗಲಿ, ಅಂದರೆ ಅದು ಇಲ್ಲೇ ಬೇರು ಬಿಡುತ್ತದೆ, ಆಮೇಲೆ ಈ ಹೆಂಗಸು ಒಂದು ಮಧ್ಯಾಹ್ನ ಕೂಸನ್ನು ಮಲಗಿಸಿ ಬಂದು ಕೇಳಿಸಿಕೊಳ್ಳುತ್ತಾಳೆ, ಮಗುವಿನ ಕರೆ, ಯಾವ ತಾಯಿ ಓಗೊಡದೆ ಇದ್ದಾಳು, ದಿನಾ ಓಗೊಡುತ್ತಾಳೆ, ಆ ಕೂಸು ಪಕ್ಕದ ಕೋಣೆಯಲ್ಲಿ ಮೂಕಿಯೊಬ್ಬಳ ಮಗುವಾಗಿ ಬೆಳೆಯುತ್ತದೆ. ಅವಳು ಹಲ್ಲು ಕಚ್ಚುತ್ತಾಳೆ. ಅಪ್ಪನ ಹಾಗೆಯೇ, ಅದೇ ದವಡೆ. ಅಲಗು ಓರೆ, ಮೇಲಿನಿಂದ ಕೆಳಕ್ಕೆ — ಹುಡುಕು. ಮರಿಗೆಗೆ ಒಂದು ಚಿಟಿಕೆ ಹಿಟ್ಟು. ಗೋಡೆ ಬೆಳ್ಳಗಿದೆ. ಬಾಗಿಲು ತೆರೆದುಕೊಳ್ಳುತ್ತದೆ, ಮಾಲೀಕರು ಬಗ್ಗಿ ನೋಡುತ್ತಾರೆ, ಭೇಷ್, ಒಂದು ಚುಕ್ಕೆ ಬಿಟ್ಟಿಲ್ಲ ನೋಡಿ, ಅಪ್ಪನ ಮಗಳೇ ಸರಿ, ಏನಮ್ಮಾ? ನಿನ್ನನ್ನೇ ಕೇಳಿದ್ದು, ಏನಮ್ಮಾ? ಅವಳು ಕೇಳಿಸಿಕೊಳ್ಳುತ್ತಾಳೆ, ಇದು ಗೋಡೆಯದೋ ಮನುಷ್ಯನದೋ, ಬಾಯಿ ತೆರೆಯುವುದಿಲ್ಲ, ನಾಳೆ ಬೆಳಿಗ್ಗೆ ಅಪ್ಪ ಗೋಡೆಯ ಕಡೆ ತಿರುಗುತ್ತಾನೆ, ಮೂರು ಸಲ ತುಟಿ ಆಡಿಸುತ್ತಾನೆ, ಕಿವಿಗೊಟ್ಟು ಕಾಯುತ್ತಾನೆ, ಈಗ ಯಾವ ಗೋಡೆಯಲ್ಲೂ ಇಲ್ಲದ್ದಕ್ಕಾಗಿ, ಆಗ ಅವಳು ಬಗ್ಗಬೇಕು, ಬಗ್ಗಿ ಕಿವಿಯ ಹತ್ತಿರ ಹೇಳಬೇಕು, ಏನು, ಇಲ್ಲಿದ್ದೀನಿ ಎಂದೇ, ಅವನು ಅದನ್ನು ಯಾವ ದನಿ ಎಂದುಕೊಳ್ಳುತ್ತಾನೋ, ಬಿಳಿಯ ಗೋಡೆ, ಬರೀ ಬಿಳಿ, ಅದರ ನಡುವೆ ಅವಳ ಮೊಣಕಾಲಿನ ಎತ್ತರದಲ್ಲಿ, ಕಣ್ಣು ಮುಚ್ಚಿದರೂ, ತೆರೆದರೂ, ಉಗುರಿನಷ್ಟು ಹಸಿರು, ಇಲ್ಲ, ಅಲ್ಲೇನೂ ಇಲ್ಲ, ಉಗುರಿನಷ್ಟು ಹಸಿರು